ಹಲ್ಲಿನ ಡಾಕ್ಟರನ ಕಾಕ್‌ಪಿಟ್

ಹಲ್ಲಿನ ಡಾಕ್ಟರನ ಮುಂದೆ ಜನ ದಿನವಿಡೀ ಬಾಯಿ ತೆರೆಯುತ್ತಾರೆ. ತೆರೆದ ಬಾಯಿಂದ ಬರೀ ಹಲ್ಲಷ್ಟೇ ಹೊರಬರುತ್ತದೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. ನನ್ನ ಕ್ಲಿನಿಕ್ ಗದಗಿನಲ್ಲಿ, ಮನೆ ಬೆಟಗೇರಿಯಲ್ಲಿ. ವಾರಕ್ಕೊಂದು ದಿನ ಲಕ್ಷ್ಮೇಶ್ವರ, ಒಂದು ದಿನ ಶಿರಹಟ್ಟಿ, ಒಂದು ದಿನ ಮುಂಡರಗಿ. ಇಷ್ಟು ಊರುಗಳ ಬಾಯಿ ನೋಡುವವನಿಗೆ ನಗೆಯ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ.

ಅದರ ಮೇಲೆ ನನಗೊಂದು ಹುಚ್ಚು. ಡಬ್ಬಿಯಲ್ಲಿ ಬಿಡಿ ತುಂಡುಗಳಾಗಿ ಬರುವ ಪ್ಲಾಸ್ಟಿಕ್ ಯುದ್ಧವಿಮಾನಗಳನ್ನು ಅಂಟಿಸಿ, ಬಣ್ಣ ಬಳಿದು, ಖರೆ ವಿಮಾನದ ತದ್ರೂಪು ಮಾಡಿ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇನೆ. ಇದು ಮಕ್ಕಳಾಟ ಎಂದು ನನ್ನ ಹೆಂಡತಿಯ ಅಭಿಪ್ರಾಯ. ಮಕ್ಕಳು ಹತ್ತಿರ ಬಂದರೆ ನಾನು ಚೀರುವುದರಿಂದ ಇದು ಮಕ್ಕಳಾಟ ಅಲ್ಲ ಎಂದು ನನ್ನ ವಾದ.

ಟಂಟಂ

ನನ್ನಂಥ ಹುಚ್ಚರದ್ದೇ ಒಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ಹುಬ್ಬಳ್ಳಿಯ ಹಿರಿಯರೊಬ್ಬರು. ಎಲ್ಲರೂ ಅವರನ್ನು ಗುರುಗಳು ಅನ್ನುತ್ತಾರೆ. ಗುರುಗಳು ಒಂದಾದರೂ ವಿಮಾನ ಮಾಡಿದ್ದನ್ನು ಯಾರೂ ನೋಡಿಲ್ಲ. ಅವರ ಕೆಲಸ ಬೇರೆಯವರ ವಿಮಾನದಲ್ಲಿ ತಪ್ಪು ಹುಡುಕುವುದು. ಯಾವುದೋ ಪ್ರದರ್ಶನದಲ್ಲಿ ಸರದಿಯಲ್ಲಿ ನಿಂತು ಖರೆ ಯುದ್ಧವಿಮಾನದ ಸೀಟಿನಲ್ಲಿ ಒಂದು ನಿಮಿಷ ಕುಳಿತು ಬಂದಿದ್ದಾರೆ. ಅಂದಿನಿಂದ ಅವರ ಎಲ್ಲಾ ಮಾತೂ "ನಾ ಅದರಾಗ ಕುಂತು ಬಂದೀನಿ" ಎಂದೇ ಶುರುವಾಗುತ್ತದೆ.

ನಾನು ಒಂದು ಹಳೆಯ ಮಿಗ್ ವಿಮಾನ ಮಾಡಿ, ಪೈಲಟ್ ಕೂಡುವ ಕಾಕ್‌ಪಿಟ್ಟಿನ ಫೋಟೋ ಹಾಕಿದೆ. ಡಬ್ಬಿಯಲ್ಲಿ ಏನು ಬಂದಿತ್ತೋ ಅದನ್ನೇ ಅಂಟಿಸಿದ್ದೆ. ಸೀಟು ಎಂಬುದು ಒಂದು ಮಣೆ. ಮುಂದಿನ ಮೀಟರುಗಳೆಲ್ಲ ಸೇರಿ ಒಂದು ಸ್ಟಿಕರ್.

ಗುರುಗಳು ಬರೆದರು: "ಡಾಕ್ಟರ್, ನಾ ಅದರಾಗ ಕುಂತು ಬಂದೀನಿ. ಸೀಟು ತಪ್ಪೈತಿ, ಬಣ್ಣ ತಪ್ಪೈತಿ, ಬೆಲ್ಟಂತೂ ಇಲ್ಲೇ ಇಲ್ಲ. ಇದು ಕಾಕ್‌ಪಿಟ್ ಅಲ್ಲ, ಟಂಟಂ."

ಹಳ್ಳಿಗೆ ಮಂದಿ ತುಂಬಿಕೊಂಡು ಓಡುವ ಆಟೋಕ್ಕೆ ಹೋಲಿಸಿದ ಆ ಮಾತಿನ ಕೆಳಗೆ ನಗುವ ಗೊಂಬೆಗಳ ಸಾಲು ಹತ್ತಿತು. ಅದರಲ್ಲಿ ಒಂದು ಗೊಂಬೆ ನನ್ನ ಹೆಂಡತಿಯ ತಮ್ಮನದು. ನನಗೆ ಮೈಯೆಲ್ಲ ಉರಿಯಿತು. ಈ ಮನುಷ್ಯನ ಬಾಯಿಂದ "ಖರೆ ಐತಿ" ಅನ್ನಿಸದೆ ಬಿಡಬಾರದು ಎಂದು ಅಂದೇ ನಿಶ್ಚಯಿಸಿದೆ. ಅವರ ಬಾಯಿಂದ ಹಲ್ಲು ಕೀಳುವುದು ಇದಕ್ಕಿಂತ ಸುಲಭವಿತ್ತು.

ಆ ವಾರವೇ ಟಂಟಂ ಓಡಿಸುವವನೊಬ್ಬ ದವಡೆ ಬಾತುಕೊಂಡು ಬಂದ. ಸಂಕಟ ತಡೆಯಲಾರದೆ ಅವನಿಗೂ ಫೋಟೋ ತೋರಿಸಿ, "ಇದು ಟಂಟಂ ಕಂಡಂಗ ಕಾಣ್ತೈತೇನೋ?" ಎಂದು ಕೇಳಿದೆ. ಅವನು ಬಾತ ದವಡೆ ಹಿಡಿದುಕೊಂಡೇ ನೋಡಿದ.

"ಛೇ, ಇಲ್ರಿ. ನಮ್ಮ ಟಂಟಂದಾಗ ಖರೆ ಮೀಟರ್ ಐತ್ರಿ."

ಕುಂಡ್ರವಲ್ದು

ಮೊದಲು ಸೀಟು. ಕಟ್ಟಿಸುವ ಹಲ್ಲಿನ ಒಸಡು ಮಾಡಲು ನಾವು ಬಳಸುವ ಗುಲಾಬಿ ಬಣ್ಣದ ಪದಾರ್ಥ ಒಂದಿದೆ. ಕಲಸಿ ಅಚ್ಚಿಗೆ ಹಾಕಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದರಲ್ಲೇ ಹೆಬ್ಬೆರಳ ತುದಿಯಷ್ಟು ದೊಡ್ಡ ಪೈಲಟ್ ಸೀಟು ಮಾಡಿದೆ. ಬೆನ್ನಿಗೆ ಒರಗು, ತಲೆಗೆ ದಿಂಬು, ಪಕ್ಕದಲ್ಲಿ ಹಿಡಿಕೆ, ಎಲ್ಲ ಇತ್ತು. ಬಣ್ಣ ಬಳಿಯುವುದೊಂದು ಬಾಕಿ. ಒಂದು ಸಣ್ಣ ಡಬ್ಬಿಯಲ್ಲಿಟ್ಟು ಲಕ್ಷ್ಮೇಶ್ವರಕ್ಕೆ ಒಯ್ದೆ, ರೋಗಿಗಳು ಇಲ್ಲದಾಗ ಉಜ್ಜಿ ನುಣುಪು ಮಾಡಬಹುದೆಂದು.

ಅಂದು ಅಲ್ಲಿ ಸೇಂಗಾ ವ್ಯಾಪಾರದ ಒಬ್ಬ ಚಾಚಾ ಅಂಥದೇ ಡಬ್ಬಿಯಲ್ಲಿಟ್ಟಿದ್ದ ತಮ್ಮ ಕೆಳಗಿನ ಎರಡು ಕಟ್ಟಿಸಿದ ಹಲ್ಲು ಒಯ್ಯಲು ಬಂದಿದ್ದರು. ಹಾಕಿ ತೋರಿಸುತ್ತೇನೆ ಕೂಡಿರಿ ಎಂದೆ. "ಪ್ಯಾಟ್ಯಾಗ ಸೇಂಗಾ ಹರಾಜು ನಡದೈತ್ರಿ ಡಾಕ್ಟರ್ ಸಾಬ್, ಮನ್ಯಾಗ ಹಾಕ್ಕೋತೀನಿ" ಎಂದು ಮೇಜಿನ ಮೇಲಿನ ಡಬ್ಬಿ ಎತ್ತಿಕೊಂಡು ಹೋಗಿಬಿಟ್ಟರು. ನಾನು ಆಗ ಇನ್ನೊಬ್ಬರ ಬಾಯಲ್ಲಿದ್ದೆ.

ಸಂಜೆ ಗದಗಿಗೆ ಬರುವ ಬಸ್ಸಿನಲ್ಲಿ ಡಬ್ಬಿ ತೆರೆದರೆ ಎರಡು ಹಲ್ಲು ನನ್ನನ್ನು ನೋಡಿ ನಕ್ಕವು. ಅಷ್ಟರಲ್ಲಿ ಫೋನು.

"ಡಾಕ್ಟರ್ ಸಾಬ್, ಹಲ್ಲು ಕುಂಡ್ರವಲ್ದು. ಮನಿ ಮಂದಿ ಎಲ್ಲಾ ಒಬ್ಬೊಬ್ಬರು ಒಂದೊಂದು ಕಡಿಂದ ಒತ್ತಿ ನೋಡ್ಯಾರ. ಏನು ಮಾಡಿದ್ರೂ ಕುಂಡ್ರವಲ್ದು."

"ಚಾಚಾ, ಅದನ್ನ ಜಲ್ದಿ ಬಾಯಿಂದ ತಗೀರಿ. ಅದು ಹಲ್ಲಲ್ರಿ, ಅದು ಕುಂಡ್ರೂದಿಲ್ಲ. ಅದರ ಮ್ಯಾಲ ಕುಂಡ್ರಬೇಕು."

ಚಾಚಾ ಬಹಳ ಸಮಾಧಾನದಿಂದ ಕೇಳಿದರು: "ಮತ್ತ ಅಳತಿ ನೀವು ಬಾಯಿದ್ಯಾಕ ತಗೊಂಡ್ರಿ?"

ಶಿರಹಟ್ಟಿಯ ಸಹಾಯ

ಸೀಟು ಮರಳಿ ಬಂತು. ಇನ್ನು ಬೆಲ್ಟು. ಸೀಟಿನ ಅಳತೆಗೆ ತಕ್ಕ ಬೆಲ್ಟಿಗೆ ಬಟ್ಟೆ ದಪ್ಪ, ಕಾಗದ ಹರಿಯುತ್ತದೆ. ಎಲ್ಲ ಪರೀಕ್ಷೆ ಮಾಡಿ ಕೊನೆಗೆ ಕಂಡುಕೊಂಡದ್ದು ಏನೆಂದರೆ, ಗುಟ್ಕಾ ಪಾಕೀಟಿನ ಒಳಗಿನ ಬೆಳ್ಳಿ ಹಾಳೆಯಷ್ಟು ಸರಿಯಾದದ್ದು ಭೂಮಿಯ ಮೇಲೆ ಬೇರೆ ಇಲ್ಲ. ಕತ್ತರಿಸಿದರೆ ನೀಟಾಗಿ ಬರುತ್ತದೆ, ಬಗ್ಗಿಸಿದರೆ ಬಗ್ಗಿದಂತೆಯೇ ಇರುತ್ತದೆ.

ಶಿರಹಟ್ಟಿಯಲ್ಲಿ ನನ್ನ ಅರ್ಧ ಸಂಪಾದನೆ ಗುಟ್ಕಾದಿಂದಲೇ. ಗೋಡೆಯ ಮೇಲೆ ಗುಟ್ಕಾ ಬಿಡಿ ಎಂಬ ಭಯಂಕರ ಚಿತ್ರ ನಾನೇ ಅಂಟಿಸಿದ್ದೇನೆ. ಆ ಚಿತ್ರದ ಕೆಳಗೆ ಕುಳಿತ ಒಬ್ಬನಿಗೆ, ಬಾಯಿ ಎರಡು ಬೆರಳು ತೆರೆಯಲಾರದವನಿಗೆ, ಹೊಟ್ಟೆತುಂಬ ಬೈದೆ. ಹೆಂಡತಿ ಮಕ್ಕಳ ಮುಖ ನೆನೆಯಲು ಹೇಳಿದೆ. ಅವನ ಕಣ್ಣಲ್ಲಿ ನೀರು ಬಂತು. ಜೇಬಿನಲ್ಲಿದ್ದ ಪಾಕೀಟು ತೆಗೆದು ಬುಟ್ಟಿಗೆ ಎಸೆಯಲು ಹೋದ.

"ತಡಿ, ತಡಿ" ಎಂದೆ. "ಖಾಲಿ ಪಾಕೀಟು ಬ್ಯಾರೆ ಅದಾವೇನು? ಇದ್ರ ಒಗೀಬ್ಯಾಡ, ನನಗ ಬೇಕು."

ಮುಂದಿನ ವಾರ ಅವನು ಚೀಲ ಹಿಡಿದುಕೊಂಡು ಬಂದ. ಚೀಲದ ತುಂಬ ಖಾಲಿ ಪಾಕೀಟು. ಇಡೀ ವಿಮಾನದಳಕ್ಕೆ ಬೆಲ್ಟ್ ಹೊಲಿಯಬಹುದಿತ್ತು. ಇಷ್ಟೆಲ್ಲ ಎಲ್ಲಿಂದ ತಂದೆ ಎಂದು ಕೇಳಿದೆ.

"ನಾ ಬಿಡಬೇಕಂತ ಮಾಡಿದ್ದೆ ಸರ್. ಆದ್ರ ನೀವು ಡಾಕ್ಟರ್ ಆಗಿ ಬಾಯಿ ಬಿಟ್ಟು ಕೇಳೀರಿ. ಇಲ್ಲ ಅನ್ನಾಕ ಮನಸಾಗಲಿಲ್ಲ. ಓಣ್ಯಾಗ ಎಲ್ಲಾರೂ ಕೂಡಿ ತಿಂದೀವ್ರಿ."

ಪೈಲಟ್ ಕಾಕಾ

ಉಳಿದದ್ದು ಬಣ್ಣ. ಫೋನಿನಲ್ಲಿ ಹುಡುಕಿದರೆ ಅದೇ ವಿಮಾನದ ಒಳಗು ಒಂದು ಚಿತ್ರದಲ್ಲಿ ನೀಲಿ, ಇನ್ನೊಂದರಲ್ಲಿ ಹಸಿರು. ಕಣ್ಣಾರೆ ಕಂಡವರನ್ನು ಕೇಳಿ ಎಂದು ಗುರುಗಳ ಅಪ್ಪಣೆ. ನಾ ಕುಂತು ಬಂದೀನಿ ಅನ್ನುವವರು ನೀವೇ ಹೇಳಬಹುದಲ್ಲ ಎಂದರೆ, "ಹೇಳಿದ್ರ ನೀವು ಕಲಿಯೂದು ಯಾವಾಗ?" ಎಂದರು.

ಮುಂಡರಗಿಯಲ್ಲಿ ಯಾರೋ ಹೇಳಿದರು, ಹಮ್ಮಿಗಿಯಲ್ಲಿ ಏರ್‌ಫೋರ್ಸಿನಿಂದ ನಿವೃತ್ತರಾದ ಹಿರಿಯರಿದ್ದಾರೆ, ಊರೆಲ್ಲ ಅವರನ್ನು ಪೈಲಟ್ ಕಾಕಾ ಅನ್ನುತ್ತದೆ ಎಂದು. ದೇವರೇ ಕಳಿಸಿದಂತೆ ಕಾಕಾನ ಹಲ್ಲಿಗೆ ನೋವು ಬಂತು. ಬಿಳಿ ಮೀಸೆ, ನೆಟ್ಟಗಿನ ಬೆನ್ನು, ಜೊತೆಗೆ ಒಬ್ಬ ಅಣ್ಣನ ಮಗ. ನಾನು ಉತ್ಸಾಹದಲ್ಲಿ ಮೊದಲು ಮರಗಟ್ಟಿಸುವ ಸೂಜಿ ಚುಚ್ಚಿ, ಆಮೇಲೆ ಪ್ರಶ್ನೆ ಕೇಳಿದೆ.

"ಕಾಕಾ, ವಿಮಾನದ ಒಳಗ ಪೈಲಟ್ ಕುಂಡ್ರೂ ಜಾಗಾ ಯಾವ ಬಣ್ಣದ್ದು?"

ಕಾಕಾ "ಊ ಹಾಂ ಪ್ಫ" ಎಂದರು. ತುಟಿ ಅವರ ಮಾತು ಕೇಳುತ್ತಿರಲಿಲ್ಲ.

"ಯುದ್ಧದಾಗ ಬಣ್ಣ ನೋಡಾಕ ಪುರಸೊತ್ತು ಎಲ್ಲಿ ಅನ್ನಾಕತ್ತಾರ್ರಿ" ಎಂದು ಅಣ್ಣನ ಮಗ ಎದೆಯುಬ್ಬಿಸಿ ಅರ್ಥ ಹೇಳಿದ. ಕಾಕಾ ಜೋರಾಗಿ ತಲೆ ಅಲ್ಲಾಡಿಸಿ ಮತ್ತೇನೋ ಅಂದರು. "ಮೋಡದ ಮ್ಯಾಲ ಹೋದ್ರ ಎಲ್ಲಾ ಬೆಳ್ಳಗ ಕಾಣ್ತೈತಂತ" ಎಂದ ಇವನು.

ಅವನನ್ನು ಔಷಧಿ ತರಲು ಹೊರಗೆ ಕಳಿಸಿದೆ. ಕಾಕಾ ನನ್ನ ಅಂಗಿ ಹಿಡಿದು ಹತ್ತಿರ ಎಳೆದುಕೊಂಡು, ಸೊಟ್ಟ ಬಾಯಲ್ಲೇ ಒಂದೊಂದು ಅಕ್ಷರ ಬಿಡಿಸಿ ಹೇಳಿದರು.

"ನಾ ಮೆಸ್ಸಿನಾಗ ಚಪಾತಿ ಮಾಡ್ತಿದ್ದೆ. ಊರಾಗ ಹೇಳಬ್ಯಾಡ್ರಿ."

"ಹಂಗಾರ ಒಳಗ ಒಮ್ಮೆನೂ ನೋಡಿಲ್ಲೇನ್ರಿ?"

"ವಿಮಾನದ ಒಳಗ ನೋಡಿಲ್ಲ. ಪೈಲಟ್‌ಗೋಳ ಹೊಟ್ಟಿ ಒಳಗ ಏನಿತ್ತು ಕೇಳ್ರಿ, ಹೇಳ್ತೀನಿ."

ರಾಮಾ

ಹೀಗೆ ಆಕಾಶದಿಂದ ಉತ್ತರ ಸಿಗದೆ ಬೆಟಗೇರಿಯ ಸೀರೆ ಅಂಗಡಿಗೆ ಬಂದೆ. ಫೋನಿನ ಚಿತ್ರದ ಬಣ್ಣಕ್ಕೂ ನನ್ನ ಡಬ್ಬಿಯ ಬಣ್ಣಗಳಿಗೂ ಹೊಂದಿಕೆಯಾಗುತ್ತಿರಲಿಲ್ಲ. ಕೈಯಲ್ಲಿ ಹಿಡಿದು ನೋಡುವಂಥ ಒಂದು ತುಂಡು ಬೇಕಿತ್ತು. ನೀಲಿಯೂ ಅಲ್ಲದ ಹಸಿರೂ ಅಲ್ಲದ ಬಣ್ಣಗಳನ್ನು ಸೀರೆ ಮಾರುವವರಷ್ಟು ಬಲ್ಲವರು ಯಾರು?

ಅಂಗಡಿಯ ಮಾಲಕರು ಗುಡ್ಡದಷ್ಟು ಸೀರೆ ಬಿಚ್ಚಿದರು. ನಾನು ಒಂದೊಂದನ್ನೂ ಬಾಗಿಲ ಬೆಳಕಿಗೆ ಒಯ್ದು, ಕಣ್ಣು ಕಿರಿದು ಮಾಡಿ ನೋಡಿ, ಅಲ್ಲ ಅಂದೆ.

"ಉಡೋರು ಹೆಂಗದಾರ್ರಿ, ಕೆಂಪಗೋ, ಕರ್ರಗೋ?" ಎಂದು ಅವರು ಕೇಳಿದರು.

ನನ್ನ ತಲೆಯಲ್ಲಿ ವಿಮಾನವೇ ಇತ್ತು. "ಬೆಳ್ಳಿ ಬಣ್ಣ" ಎಂದೆ.

"ಭಾಳ ಬೆಳ್ಳಗ ಅದಾರಂದ್ರ ರಾಮಾ ಕಲರ್ ತಗೋರಿ, ಕಣ್ಣು ಮುಚ್ಚಿ." ಅವರು ಎಳೆದ ನೀಲಿಹಸಿರು ಬಟ್ಟೆ ಸಾಕ್ಷಾತ್ ಕಾಕ್‌ಪಿಟ್. ಸೀರೆ ಬೇಡ, ಬ್ಲೌಸ್ ಪೀಸ್ ಸಾಕು ಎಂದು ಹರಿಸಿಕೊಂಡು ಹೊರಟೆ. ಅದೇ ಅಂಗಡಿಯಲ್ಲಿ ನಮ್ಮ ಓಣಿಯ ಹೆಣ್ಣುಮಕ್ಕಳು ಕುಳಿತಿದ್ದನ್ನು ನಾನು ನೋಡಲೇ ಇಲ್ಲ. ನಾನು ಮನೆ ಮುಟ್ಟುವ ಮೊದಲೇ ಖಬರು ಮುಟ್ಟಿತ್ತು.

"ಯಾರ್ರಿ ಆಕಿ, ಭಾಳ ಬೆಳ್ಳಗ ಇರಾಕಿ?" ಎಂದು ಹೆಂಡತಿ ಬಾಗಿಲಲ್ಲೇ ಕೇಳಿದಳು.

"ಆಕಿ ಅಲ್ಲ ಮಾರಾಯ್ತಿ, ಅದು ವಿಮಾನ. ಬ್ಲೌಸ್ ಪೀಸು ವಿಮಾನಕ್ಕ."

"ಸುಳ್ಳು ಹೇಳೂದಾದ್ರ ನಂಬೂವಂಥಾದ್ದು ಹೇಳ್ರಿ. ಓದಿದವರದೀರಿ." ಬ್ಲೌಸ್ ಪೀಸ್ ಅವಳ ಪಾಲಾಯಿತು. ಅದರ ಅಂಚಿನ ಒಂದು ಚೂರನ್ನು ಬೇಡಿ ಪಡೆದು, ಅದಕ್ಕೆ ಹೊಂದುವಂತೆ ಹನಿಹನಿ ಬಣ್ಣ ಕಲಸಿದೆ.

ಫೋಟೋ ಹಾಕಿದಾಗ ಗುರುಗಳಿಗೆ ಮೊದಲ ಬಾರಿ ಬೈಯಲು ಏನೂ ಸಿಗಲಿಲ್ಲ. "ಖರೆ ಐತೋ ಇಲ್ಲೋ ಫೋಟೋದಾಗ ಹೇಳಾಕ ಬರೂದಿಲ್ಲ. ಹಬ್ಬಕ್ಕ ಗದಗಿಗೆ ಬರ್ತೀನಿ, ಕಣ್ಣೀಲೆ ನೋಡ್ತೀನಿ" ಎಂದರು. ಆಮೇಲೆ, "ಬಣ್ಣ ಯಾವ ಕಂಪನಿದು?" ಎಂದು ಕೇಳಿದರು. ನಾನು ಬಣ್ಣದ ಹೆಸರು ಕೇಳಿದರೆಂದು ತಿಳಿದು "ರಾಮಾ" ಎಂದು ಬರೆದೆ.

"ಹಾಂ, ರಾಮಾ ಚಲೋ ಕಂಪನಿ. ನಾ ಭಾಳ ವರ್ಷದಿಂದ ಅದನ್ನ ವಾಪರಸ್ತೀನಿ. ಒಣಗೂದು ಸ್ವಲ್ಪ ತಡ."

ಖಂಡೇನವಮಿ

ಗುರುಗಳು ಬಂದದ್ದು ಖಂಡೇನವಮಿಯ ದಿನ. ನೆಂಟರ ಮನೆಯ ಊಟ ಮುಗಿಸಿ ನೇರ ಕ್ಲಿನಿಕ್ಕಿಗೆ ಬರುತ್ತೇನೆ ಎಂದಿದ್ದರು. ನಾನು ವಿಮಾನವನ್ನು ಮೇಜಿನ ಮೇಲಿಟ್ಟು, ಕಾಕ್‌ಪಿಟ್ಟಿನ ಗಾಜಿನ ಮುಚ್ಚಳ ತೆರೆದು, ಮೇಲೆ ದೀಪ ತಿರುಗಿಸಿ, ಅವರನ್ನು ಕರೆತರಲು ಕೆಳಗೆ ಇಳಿದೆ. ಪದವಿ ಪರೀಕ್ಷೆಯಲ್ಲೂ ನಾನು ಅಷ್ಟು ಹೆದರಿರಲಿಲ್ಲ.

ಮೇಲೆ ನಮ್ಮ ಸಿಸ್ಟರ್ ಆಯುಧಗಳ ಪೂಜೆ ನಡೆಸಿದ್ದರು. ನಾನು ಕ್ಲಿನಿಕ್ ತೆರೆದಂದಿನಿಂದ ಇರುವವರು. ಇಕ್ಕಳ, ಡ್ರಿಲ್, ರೋಗಿಯ ಕುರ್ಚಿ, ಒಂದನ್ನೂ ಬಿಡದೆ ವಿಭೂತಿ, ಕುಂಕುಮ, ಹೂವು. ನಾವು ಬಂದಾಗ ವಿಮಾನದ ಮೂಗಿನ ಮೇಲೆ ಚೆಂಡುಹೂವು ಕಂಡಿತು. ಅದನ್ನು ಮೆಲ್ಲಗೆ ತೆಗೆದೆ. ಸಿಸ್ಟರ್ ನನ್ನ ಕಿವಿಯಲ್ಲಿ, "ಒಳಗೂ ಹಚ್ಚೀನ್ರಿ ಸರ್. ಬೆರಳು ಹೋಗಲಿಲ್ಲ, ಊದಿನಕಡ್ಡಿ ತುದೀಲೆ ಹಚ್ಚೀನಿ" ಎಂದರು.

ಒಳಗೆ ಇಣುಕಿದೆ. ಮೀಟರುಗಳ ಸಾಲಿನ ನಟ್ಟನಡುವೆ, ಮೇಲ್ಗಡೆ, ಕೆಂಪು ಬೊಟ್ಟು. ಒರೆಸೋಣವೆಂದರೆ ಗುರುಗಳು ಆಗಲೇ ಭೂತಗನ್ನಡಿ ಹಿಡಿದು ಬಗ್ಗಿದ್ದರು. ನೋಡಿದರು, ಉಸಿರು ಬಿಟ್ಟರು, ಮತ್ತೆ ನೋಡಿದರು.

"ಡಾಕ್ಟರ್, ಈ ಕೆಂಪಂದು ಏನು?"

ನಾನು ಬಾಯಿ ತೆರೆಯುವುದರೊಳಗೆ ಅವರೇ ಹೇಳಿದರು: "ನನಗ ಗೊತ್ತೈತಿ. ಬೆಂಕಿ ದೀಪ. ಎಂಜಿನ್ನಿಗೆ ಬೆಂಕಿ ಹತ್ತಿದ್ರ ಉರಿಯೂ ದೀಪ. ನಾ ಕುಂತಾಗ ಇದಽ ಜಾಗಾದಾಗ ಇತ್ತು. ಎಲ್ಲಾರೂ ಇದನ್ನ ಮರೀತಾರ, ನೀವು ಮರ್ತಿಲ್ಲ." ಭೂತಗನ್ನಡಿ ಕೆಳಗಿಟ್ಟು ನನ್ನ ಬೆನ್ನ ಮೇಲೆ ಕೈಯಿಟ್ಟರು. "ಖರೆ ಐತಿ."

ಕೇಳಬೇಕೆಂದು ಒದ್ದಾಡಿದ ಮಾತು ಕೇಳಿದೆ, ಅದೂ ಕುಂಕುಮಕ್ಕೆ. ನನ್ನ ಸೀಟಿನ ಬಗ್ಗೆ ಒಂದು ಮಾತಿಲ್ಲ, ಬೆಲ್ಟಿನ ಬಗ್ಗೆ ಒಂದು ಮಾತಿಲ್ಲ. ಫೋಟೋ ಅಲ್ಲಿಂದಲೇ ಗುಂಪಿಗೆ ಹೋಯಿತು. ನನಗೆ ತಡೆಯಲಾಗದೆ ಕೆಳಗೆ ಬರೆದೆ: ಗುರುಗಳೇ, ಅದು ದೀಪ ಅಲ್ಲ, ಪೂಜೆಯ ಕುಂಕುಮ. ಗುರುಗಳು ಉತ್ತರಿಸಿದರು: "ಡಾಕ್ಟರಿಗೆ ವಿನಯ ಭಾಳ."

ಈಗ ಬೆಳಗಾವಿಯಿಂದ ಬಳ್ಳಾರಿವರೆಗೆ ನಮ್ಮ ಗುಂಪಿನ ಒಂದು ವಿಮಾನವೂ ಕೆಂಪು ಬೊಟ್ಟಿಲ್ಲದೆ ಇಲ್ಲ. ಅಮೆರಿಕದ ವಿಮಾನಕ್ಕೂ ಇದೆ, ಜರ್ಮನಿಯದಕ್ಕೂ ಇದೆ. ನನ್ನ ಹೆಂಡತಿಯ ತಮ್ಮ ಹೆಲಿಕಾಪ್ಟರಿಗೂ ಇಟ್ಟಿದ್ದಾನೆ. ಮೊನ್ನೆ ನಾನು ಎರಡನೇ ಮಹಾಯುದ್ಧದ ಮೂಗಿಗೆ ಪಂಖವಿದ್ದ ಒಂದು ವಿಮಾನ ಮುಗಿಸಿ, ಪುಸ್ತಕ ನೋಡಿ ಒಂದೊಂದು ಗುಂಡಿಯನ್ನೂ ಸರಿಪಡಿಸಿ ಫೋಟೋ ಹಾಕಿದೆ. ಗುರುಗಳು ಬರೆದರು: "ಡಾಕ್ಟರ್, ಬೆಂಕಿ ದೀಪ ಎಲ್ಲೈತಿ? ನಿಮ್ಮಿಂದ ಇಂಥಾ ತಪ್ಪು ಆಗಬಾರದಿತ್ತು."

ಫೋನು ಕೆಳಗಿಟ್ಟೆ. ಆಮೇಲೆ ಸಿಸ್ಟರನ್ನು ಕರೆದು, ಒಂದು ಚಿಟಿಕೆ ಕುಂಕುಮ ಕೊಡಿ ಎಂದೆ.

"ಯಾಕ್ರಿ ಸರ್, ಇವತ್ತು ಪೂಜಿ ಐತೇನ್ರಿ?"

"ಪೂಜಿ ಇಲ್ಲ ಸಿಸ್ಟರ್. ಕಾಕ್‌ಪಿಟ್ ಖರೆ ಮಾಡೂದೈತಿ."