ಹದಿನೇಳನೆಯ ಪ್ರಶ್ನೆ ಮತ್ತು ಹೆಪ್ಪಿನ ಬಟ್ಟಲು

ಓದಿದವನಿಗೆ ತಾನು ಓದಿದ್ದು ಏನು ಎಂದು ಹೇಳಲಾದರೂ ಬರಬೇಕು. ವೈದ್ಯ ಓದಿದವನು ಹೇಳಬಲ್ಲ. ವಕೀಲಿ ಓದಿದವನು ಕೇಳದಿದ್ದರೂ ಹೇಳುತ್ತಾನೆ. ನಾನು ಓದಿದ್ದು ಸಮಾಜಶಾಸ್ತ್ರ, ಅದೂ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ. ಐವತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಶಿರಾಳಕೊಪ್ಪದ ನಮ್ಮ ಬಟ್ಟೆ ಅಂಗಡಿಗೆ ಬಂದವರು "ಮಗ ಎಂಥದು ಓದ್ತಾ ಇದಾನ್ರೀ?" ಎಂದು ಕೇಳಿದಾಗಲೆಲ್ಲ ನಮ್ಮಪ್ಪ ಸೀರೆ ಮಡಿಸುತ್ತಾ "ಡಾಕ್ಟರೇಟು" ಎನ್ನುತ್ತಿದ್ದರಂತೆ. ಸಂತೆಯ ಗದ್ದಲದಲ್ಲಿ ಆ ಪದದ ಬಾಲ ಯಾರಿಗೂ ಕೇಳಿಸಿರಲಿಲ್ಲ. ನಾನು ಊರಿಗೆ ಬಂದ ಮರುದಿನವೇ ಇಬ್ಬರು ಅಂಗಡಿಯ ಕಟ್ಟೆ ಹತ್ತಿ ನನ್ನೆದುರು ನಾಲಿಗೆ ಚಾಚಿ ಕೂತರು. "ನಾನು ಆ ಡಾಕ್ಟರಲ್ಲ" ಎಂದೆ. ಒಬ್ಬ ನಾಲಿಗೆ ಒಳಗೆಳೆದುಕೊಂಡು, "ಮತ್ತೆ? ದನದ್ದಾ?" ಎಂದು ಕೇಳಿದ. ಅಲ್ಲ ಎಂದಾಗ ಅವನ ಮುಖದಲ್ಲಿ ಕಂಡ ನಿರಾಶೆಯನ್ನು ನಾನು ಇನ್ನೂ ಮರೆತಿಲ್ಲ. ಅವನ ಎಮ್ಮೆಗೂ ಹುಷಾರಿರಲಿಲ್ಲ.

ನಾನು ಬಂದದ್ದು ರಜೆಗಲ್ಲ, ಕೆಲಸಕ್ಕೆ. ಎರಡು ವರ್ಷ ಪುಸ್ತಕ ಓದಿಸಿದ ಮೇಲೆ ನಮ್ಮ ಪ್ರೊಫೆಸರರು, ವರ್ಷದ ಹನ್ನೆರಡು ತಿಂಗಳೂ ನೆಗಡಿಯಲ್ಲಿದ್ದ ಸಾತ್ವಿಕ ಮನುಷ್ಯ, ನನ್ನನ್ನು ಕರೆದು, ನಿನ್ನ ಕಡೆಯ ಒಂದು ಹಳ್ಳಿಯಲ್ಲಿ ನೆರೆಹೊರೆಯವರು ಹೇಗೆ ಬಾಳುತ್ತಾರೆ ಎಂದು ಕೇಳಿ ಬರೆದುಕೊಂಡು ಬಾ ಎಂದರು. ನಲವತ್ತು ಪ್ರಶ್ನೆಗಳ ಪಟ್ಟಿ ಕೊಟ್ಟರು. ಜೊತೆಗೆ ಎರಡು ಕಟ್ಟಪ್ಪಣೆ: ಒಂದು ಮನೆಯಲ್ಲಿ ಕೇಳಿದ್ದನ್ನು ಇನ್ನೊಂದು ಮನೆಯಲ್ಲಿ ಬಾಯಿ ಬಿಡಬಾರದು, ನೋಡಲು ಹೋದವನು ನೋಡಬೇಕೇ ಹೊರತು ಅಲ್ಲಿನ ಯಾವುದನ್ನೂ ಬದಲಾಯಿಸಬಾರದು. ನಾನು ಎದೆಯುಬ್ಬಿಸಿ ಒಪ್ಪಿಕೊಂಡೆ. ಒಪ್ಪಿಕೊಳ್ಳುವುದರಲ್ಲಿ ನಾನು ಮೊದಲಿನಿಂದಲೂ ಮುಂದು.

ಸೊರಬ ತಾಲ್ಲೂಕಿನ ಉಳವಿಯನ್ನೇ ಏಕೆ ಆರಿಸಿಕೊಂಡೆ ಎಂಬುದಕ್ಕೆ ನನ್ನ ಪ್ರಬಂಧದಲ್ಲಿ ಎರಡು ಪುಟಗಳ ಶಾಸ್ತ್ರೀಯ ಕಾರಣಗಳಿವೆ. ನಿಜವಾದ ಕಾರಣವೆಂದರೆ ಅಲ್ಲಿ ನನ್ನ ಅಕ್ಕ ಗಂಗಕ್ಕನ ಮನೆ ಇತ್ತು, ಅಕ್ಕ ರೊಟ್ಟಿಗೆ ಎಣ್ಣೆಗಾಯಿ ಮಾಡುತ್ತಿದ್ದಳು, ಮತ್ತು ನಾನು ಎರಡು ವರ್ಷದಿಂದ ಬೇಯಿಸಿದ ಆಲೂಗಡ್ಡೆ ತಿನ್ನುತ್ತಿದ್ದೆ.

ಪ್ರಶ್ನೆಗಳನ್ನು ಕನ್ನಡಕ್ಕೆ ತಂದವನು ನಾನೇ. ಇಂಗ್ಲೆಂಡಿನಲ್ಲಿ ಕೂತು ಕನ್ನಡ ಬರೆದರೆ ಅದು ತಾನಾಗಿಯೇ ಪೇಟ ಸುತ್ತಿಕೊಂಡುಬಿಡುತ್ತದೆ. ಮೊದಲ ದಿನ ಚನ್ನಬಸಪ್ಪಜ್ಜನ ಜಗಲಿಯಲ್ಲಿ ಕೂತು, "ತಾವು ನೆರೆಮನೆಯವರೊಡನೆ ಎಂತಹ ಸಂಬಂಧವನ್ನು ಹೊಂದಿರುತ್ತೀರಿ?" ಎಂದು ಓದಿದೆ. ಅಜ್ಜ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ, "ಆ ಮನೇಲಿ ಹೆಣ್ಣೇ ಇಲ್ಲಲ್ಲೋ. ಯಾರು ಹೇಳಿದ್ರು ನಿಂಗೆ?" ಎಂದ. ಸಂಬಂಧ ಎಂದರೆ ಹೆಣ್ಣು ಕೊಡುವುದು, ತರುವುದು. ಬೇರೆ ಅರ್ಥ ಆ ಊರಿನಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಗಂಗಕ್ಕನ ತಮ್ಮ ಕಾಗದ ಪೆನ್ಸಿಲು ಹಿಡಿದು ಮನೆಮನೆಗೂ ಹೋಗಿ ತನಗೇ ಹೆಣ್ಣು ನೋಡುತ್ತಿದ್ದಾನೆ ಎಂಬ ಸುದ್ದಿ ಮಧ್ಯಾಹ್ನದ ಊಟದ ಹೊತ್ತಿಗೆ ಊರು ಸುತ್ತಿತು. ಅಲ್ಲಿಯವರೆಗೆ ನನ್ನನ್ನು ಗೊಬ್ಬರದ ಗುಂಡಿ ತೋಡಿಸಲು ಬಂದ ಗ್ರಾಮಸೇವಕ ಎಂದುಕೊಂಡು ಹಿತ್ತಿಲ ಕಡೆಯಿಂದ ಜಾರಿಕೊಳ್ಳುತ್ತಿದ್ದವರು ಆಮೇಲೆ ಒಳಗೆ ಕರೆದು ಅವಲಕ್ಕಿ ಕೊಡಲು ಶುರುಮಾಡಿದರು. ವಿಜ್ಞಾನಕ್ಕೆ ಅದರಿಂದ ಅನುಕೂಲವೇ ಆಯಿತೆಂದು ನಾನೂ ಸುಮ್ಮನಿದ್ದೆ.

ಹದಿನೇಳನೆಯ ಪ್ರಶ್ನೆ ಜಗಳದ್ದು. ಯಾರೊಡನೆಯಾದರೂ ಮಾತು ಬಿಟ್ಟಿದ್ದೀರಾ, ಏಕೆ? ಅಕ್ಕನ ಮುಂದೆ ಕೂತು ಅದನ್ನು ಕೇಳುವಾಗ ಇದಕ್ಕೆ ಇಲ್ಲ ಎಂದೇ ಬರೆಯುವುದು ಎಂದುಕೊಂಡು ಅರ್ಧ ಬರೆದೂ ಬಿಟ್ಟಿದ್ದೆ. ಅಕ್ಕ ಕುಡುಗೋಲಿನಂಥ ಸ್ವರದಲ್ಲಿ, "ಹೂಂ, ಪಕ್ಕದ್ಮನೆ ಗಿರಿಜಮ್ಮನ ಹತ್ರ. ಎರಡು ವರ್ಷ ಆಯ್ತು. ಬರ್ಕೋ" ಎಂದಳು.

ಅರ್ಧ ಬರೆದಿದ್ದ 'ಇಲ್ಲ'ವನ್ನು ಹೊಡೆದು ಹಾಕಿದೆ. ಗಿರಿಜಮ್ಮ ಎಂದರೆ ಅಕ್ಕನ ಜೀವದ ಗೆಳತಿ. ಅಕ್ಕ ಮದುವೆಯಾಗಿ ಬಂದ ಹೊಸದರಲ್ಲಿ ತವರು ನೆನೆದು ಅತ್ತಾಗ ಹಿತ್ತಿಲಲ್ಲಿ ಅವಳ ಕಣ್ಣೊರೆಸಿದವಳು.

"ಒಂದಿನ ಸಂಜೆ ಮುಂದೆ ಹೆಪ್ಪು ಹಾಕೋಕೆ ಒಂದು ಚಮಚ ಮೊಸರು ಕೊಡೇ ಅಂತ ಹೋದೆ. ಬಾಗಿಲಲ್ಲೇ ನಿಂತು ಇಲ್ಲ ಅಂದ್ಲು. ಬೆಳಿಗ್ಗೆ ಅವಳು ಮಜ್ಜಿಗೆ ಕಡೆಯೋ ಸದ್ದು ಈ ಕಿವೀಲೇ ಕೇಳಿದೀನಿ! ಅಷ್ಟೇ ಆಗಿದ್ರೆ ಹೋಗ್ಲಿ ಅಂತಿದ್ದೆ. ಮರುದಿನ ನನ್ನ ಹಿತ್ತಿಲ ಮೆಟ್ಟಿಲ ಮೇಲೆ ಖಾಲಿ ಬಟ್ಟಲು ಇಟ್ಟು ಹೋಗಿದ್ಲು ಕಣೋ, ಅಣಕಿಸೋಕೆ. ನೆಕ್ಕಿದ ಹಾಗೆ ಖಾಲಿ. ನಾನೂ ಅದನ್ನ ಹಾಗೇ ಅವಳ ಗೋಡೆ ಮೇಲಿಟ್ಟು ಬಂದೆ."

ಮರುದಿನ ಗಿರಿಜಮ್ಮನ ಮನೆ. ಹದಿನಾರು ಪ್ರಶ್ನೆಗಳಿಗೆ ನಗುನಗುತ್ತಾ ಉತ್ತರ ಕೊಟ್ಟವಳು ಹದಿನೇಳಕ್ಕೆ ಸೆರಗಿನ ತುದಿ ತಿರುಚತೊಡಗಿದಳು.

"ನಿಮ್ಮಕ್ಕನ ಹತ್ರಾನೇ ತಮ್ಮಾ. ಅವತ್ತು ಹೆಪ್ಪು ಕೇಳ್ಕೊಂಡು ಬಂದ್ಲು. ದೀಪ ಹಚ್ಚಿ ಆಗಿತ್ತು. ದೀಪ ಹಚ್ಚಿದ ಮೇಲೆ ಹೆಪ್ಪು ಹೊರಗೆ ಹೋದ್ರೆ ನಮ್ಮತ್ತೆ ಮನೆ ಮುಳುಗಿತು ಅಂತಾರೆ. ಅವರು ಅಲ್ಲೇ ಕೂತಿದ್ರು, ಬಾಯಿಬಿಟ್ಟು ಏನು ಹೇಳ್ಲಿ? ಇಲ್ಲ ಅಂದೆ. ಬೆಳಗಾಗೋದನ್ನೇ ಕಾದು ಬಟ್ಟಲು ತುಂಬ ಗಟ್ಟಿ ಮೊಸರು ತಗೊಂಡು ಹೋದೆ. ಹಿತ್ತಿಲ ಬಾಗಿಲು ಹಾಕಿತ್ತು. ಮೆಟ್ಟಿಲ ಮೇಲೆ ಇಟ್ಟು ಬಂದೆ. ಮೊಸರು ಇಟ್ಕೊಂಡು, ಬಟ್ಟಲು ಬರಿದು ಮಾಡಿ ಗೋಡೆ ಮೇಲೆ ಎಸೆದು ಹೋದ್ಲು. ಒಂದು ಚೂರು ಬೆಲ್ಲ ಹಾಕಿ ಕೊಡೋದು ಬೇಡ, ಒಂದು ಮಾತು?"

ಅಕ್ಷರ ಬಿಡದೆ ಬರೆದುಕೊಂಡೆ. ಒಂದು ಬಟ್ಟಲು ತುಂಬಿ ಹೋಯಿತು, ಖಾಲಿ ಸಿಕ್ಕಿತು. ಓದುಗರಾದ ನೀವು ಇಷ್ಟರಲ್ಲಿ ಊಹಿಸಿರುತ್ತೀರಿ. ನಾನು ಊಹಿಸಲಿಲ್ಲ. ಇಂಗ್ಲೆಂಡಿನಲ್ಲಿ ಎರಡು ವರ್ಷ ಓದಿದ ನಾನು ಅಂಚಿನಲ್ಲಿ 'ಹೇಳಿಕೆಗಳಲ್ಲಿ ಪರಸ್ಪರ ವಿರೋಧ' ಎಂದು ಗುರುತು ಮಾಡಿಕೊಂಡು ಮನೆಗೆ ಬಂದೆ. ಅವತ್ತೇ ಊಟವಾದ ಮೇಲೆ ನಾನು ಬಿಟ್ಟ ಹಾಲಿನ ಬಟ್ಟಲನ್ನು ಅಕ್ಕನ ಹಳೆಯ ಬೆಕ್ಕು ಮುಗಿಸಿತು. "ನೋಡು, ತೊಳೆಯೋದೇ ಬೇಡ, ಹೇಗೆ ನೆಕ್ಕಿಟ್ಟಿದೆ" ಎಂದು ಅಕ್ಕ ನಕ್ಕಳು. ನಾನು ನಗಲಿಲ್ಲ. ನನ್ನ ತಲೆಯಲ್ಲಿ ಬೆಳಕು ಹತ್ತಿತ್ತು.

ಹತ್ತಿದ ಬೆಳಕನ್ನು ಮುಚ್ಚಿಟ್ಟುಕೊಳ್ಳುವುದು ಎಂಥ ಹಿಂಸೆ ಎಂಬುದು ಆಮೇಲೆ ಗೊತ್ತಾಯಿತು. ಇಡೀ ಜಗತ್ತಿನಲ್ಲಿ ಆ ಎರಡು ವರ್ಷದ ಮೌನದ ಕಾರಣ ಇಬ್ಬರಿಗೆ ಮಾತ್ರ ಗೊತ್ತು: ನನಗೆ ಮತ್ತು ಬೆಕ್ಕಿಗೆ. ಬೆಕ್ಕಿಗೆ ಮಾತು ಬಾರದು, ನನಗೆ ಪ್ರೊಫೆಸರರ ಕಟ್ಟಪ್ಪಣೆ. ಒಂದು ಮನೆಯದು ಇನ್ನೊಂದು ಮನೆಗೆ ಹೋಗಬಾರದು, ನೋಡುವವನು ಬದಲಾಯಿಸಬಾರದು. ನಿಯಮ ಸಣ್ಣದೇನಲ್ಲ. ನಾನು ಚಾಡಿಕೋರ ಎಂದಾದರೆ ಉಳಿದ ಮನೆಗಳಲ್ಲಿ ಯಾರು ಬಾಯಿ ಬಿಡುತ್ತಾರೆ? ಮೂರು ದಿನ ಹಲ್ಲು ಕಚ್ಚಿಕೊಂಡಿದ್ದೆ. ಅಕ್ಕ, "ಯಾಕೋ ಊಟ ಸೇರ್ತಾ ಇಲ್ಲ?" ಎಂದು ಕೇಳಿ ಕಷಾಯ ಕುಡಿಸಿದಳು. ಅದನ್ನೂ ವಿಜ್ಞಾನಕ್ಕಾಗಿ ಕುಡಿದೆ.

ಆ ದಿನಗಳಲ್ಲೇ ಒಮ್ಮೆ ಇಂಗ್ಲೆಂಡಿನ ಮಾತು ಬಂತು. ನಾನಿದ್ದ ಬೀದಿಯಲ್ಲಿ ನಮ್ಮ ಮನೆಯೊಡತಿಯೂ ಪಕ್ಕದ ಮನೆಯಾಕೆಯೂ ಹನ್ನೊಂದು ವರ್ಷದಿಂದ ಗೋಡೆಗೆ ಗೋಡೆ ಅಂಟಿಕೊಂಡಿದ್ದರೂ 'ಒಳ್ಳೆಯ ಬಿಸಿಲು' ಎಂಬುದರ ಆಚೆಗೆ ಮಾತಾಡಿದವರಲ್ಲ ಎಂದೆ.

"ಏನು ಜಗಳ ಅವರಿಗೆ?" ಅಕ್ಕ ಕೇಳಿದಳು.

"ಜಗಳ ಏನಿಲ್ಲ."

"ಜಗಳ ಇಲ್ಲದೆ ಮಾತು ಬಿಟ್ಟಿದಾರಾ?" ಅಕ್ಕನಿಗೆ ನಿಜವಾಗಿಯೂ ನೋವಾಯಿತು. "ಪಾಪ. ನಮಗಾದ್ರೆ ಒಂದು ಕಾರಣಾನಾದ್ರೂ ಇದೆ."

ನಾಲ್ಕನೆಯ ದಿನ ಬಿಸಿಲು ಚೆನ್ನಾಗಿತ್ತು. ಅಕ್ಕ ಹಿತ್ತಿಲಲ್ಲಿ ಹಪ್ಪಳಕ್ಕೆ ಕೂತಳು. ಹಪ್ಪಳ ಒಬ್ಬರ ಕೆಲಸವಲ್ಲ. ಒಬ್ಬರು ಲಟ್ಟಿಸಬೇಕು, ಒಬ್ಬರು ಒಣಗಲು ಹಾಕಬೇಕು. ಅಕ್ಕ ಒಂದು ಲಟ್ಟಿಸುವುದು, ಮೊಣಕಾಲು ಹಿಡಿದುಕೊಂಡು ಏಳುವುದು, ಚಾಪೆಯ ಮೇಲೆ ಹರವುವುದು, ಮತ್ತೆ ಬಂದು ಕೂರುವುದು. ಗೋಡೆಯ ಆಚೆ ನೋಡಿದೆ. ಗಿರಿಜಮ್ಮನದೂ ಹಪ್ಪಳ. ಅವಳೂ ಕೂರುವುದು, ಏಳುವುದು. ಒಬ್ಬಳು ಎದ್ದಾಗ ಇನ್ನೊಬ್ಬಳು ಕೂರುತ್ತಿದ್ದಳು, ಮುಖ ಕಾಣಬಾರದೆಂದು. ನನ್ನ ಪ್ರಶ್ನೆಗಳ ಪಟ್ಟಿಯಲ್ಲಿ ಇದಕ್ಕೆ ಜಾಗವಿರಲಿಲ್ಲ.

"ಅಕ್ಕಾ," ಎಂದೆ. "ಆ ಬಟ್ಟಲು ಖಾಲಿ ಇರಲಿಲ್ಲ."

ಎಲ್ಲವನ್ನೂ ಹೇಳಿದೆ: ದೀಪ, ಅತ್ತೆ, ಗಟ್ಟಿ ಮೊಸರು, ಕೊನೆಗೆ ಬೆಕ್ಕು. ಅಕ್ಕ ಲಟ್ಟಣಿಗೆ ಹಿಡಿದೇ ಕೂತಿದ್ದಳು. "ಅವಳ ಮಗಳ ಕೂಸಿನ ತೊಟ್ಟಿಲಿಗೂ ನಾನು ಹೋಗ್ಲಿಲ್ಲ ಕಣೋ" ಎಂದಳು. ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ಎದ್ದಳು. ಗೋಡೆಯ ಹತ್ತಿರ ಹೋಗಿ ನಿಂತಳು.

"ಗಿರಿಜಾ, ನಿನ್ನ ಹೆಪ್ಪು ನಮ್ಮ ಬೆಕ್ಕು ತಿಂತಂತೆ ಕಣೇ."

ಆಚೆ ಲಟ್ಟಣಿಗೆ ಕೆಳಗಿಟ್ಟ ಸದ್ದಾಯಿತು. ಆಮೇಲೆ ಗಿರಿಜಮ್ಮನ ತಲೆ ಕಂಡಿತು. "ಎರಡು ವರ್ಷ! ಒಂದು ಮಾತು ಕೇಳೋಕೆ ಆಗ್ಲಿಲ್ವಾ ನಿಂಗೆ?"

"ನಿಂಗೆ ಹೇಳೋಕೆ ಆಗ್ಲಿಲ್ವಾ?"

"ಬಾಗಿಲು ಹಾಕ್ಕೊಂಡವಳು ಯಾರು?"

"ಇಲ್ಲ ಅಂದವಳು ಯಾರು?"

ಗೋಡೆಯ ಎರಡೂ ಬದಿಯಿಂದ ಸ್ವರ ಏರಿತು. ನಾನು ಗಾಬರಿಯಾಗಿ ಗದ್ದೆಯಿಂದ ಆಗತಾನೆ ಬಂದಿದ್ದ ಭಾವನ ಹತ್ತಿರ ಓಡಿ, ಕೆಟ್ಟೆ, ಎಲ್ಲ ಕೆಡಿಸಿಬಿಟ್ಟೆ ಎಂದೆ. ಭಾವ ಕಾಲು ತೊಳೆಯುತ್ತಾ ಕಿವಿಗೊಟ್ಟು ಕೇಳಿದರು. "ಕೂಗಾಡ್ತಾ ಇದಾರಲ್ಲ, ಇನ್ನು ಸರಿಹೋಯ್ತು. ಎರಡು ವರ್ಷದಿಂದ ಈ ಮನೇಲಿ ನನಗೊಬ್ಬನಿಗೇ ಬೈತಿದ್ಲು ಮಾರಾಯ" ಎಂದರು. ಅವರು ಹೇಳಿದ್ದು ನಿಜವಾಯಿತು. ನಾನು ಹಿಂತಿರುಗಿ ಹೋಗುವಷ್ಟರಲ್ಲಿ ಗಿರಿಜಮ್ಮ ನಮ್ಮ ಹಿತ್ತಿಲಲ್ಲಿ ಕೂತು ಲಟ್ಟಿಸುತ್ತಿದ್ದಳು, ಅಕ್ಕ ಹರವುತ್ತಿದ್ದಳು, ಇಬ್ಬರೂ ಮೂಗು ಸೇದುತ್ತಾ ಮೂರನೆಯ ಮನೆಯವರನ್ನು ಆಡಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಅಕ್ಕ, "ಜಗಳ ಅಂತ ಬರ್ದಿದೀಯಲ್ಲ, ಅದನ್ನ ಹೊಡೆದು ಹಾಕು. ನಮಗೆಂಥ ಜಗಳ?" ಎಂದಳು. ಗಿರಿಜಮ್ಮ, "ನಂದೂ" ಎಂದಳು.

ಆ ದಿನವೇ ನನ್ನ ಸಂಶೋಧನೆ ನೆಗೆದುಬಿತ್ತು. ಈ ಹುಡುಗನಿಗೆ ಹೇಳಿದ್ದು ಪಕ್ಕದ ಮನೆಗೆ ಮುಟ್ಟುತ್ತದೆ ಎಂದು ಊರಿಗೆಲ್ಲ ತಿಳಿಯಿತು. ಅರ್ಧ ಜನ ಹದಿನೇಳನೆಯ ಪ್ರಶ್ನೆಗೆ "ಶಿವ ಶಿವಾ, ನಾವು ಯಾರ ಹತ್ರ ಜಗಳ ಆಡ್ತೀವಿ?" ಎಂದು ಕೈ ಮುಗಿದರು. ಇನ್ನರ್ಧ ಜನ ಬೇಕೆಂದೇ ಕರೆದು ಬರೆಸಿದರು: "ಬೇಲಿ ಒಂದು ಮೊಳ ಹಿಂದೆ ಹಾಕಿದ್ರೆ ನಾವೂ ಮಾತಾಡ್ತೀವಿ ಅಂತ ಬರ್ಕೋ. ಆಚೆ ಮನೆಯವರಿಗೆ ಮಾತ್ರ ಹೇಳ್ಬೇಡ ಮತ್ತೆ!" ಹೀಗೆನ್ನುವಾಗ ಆಚೆ ಮನೆಗೆ ಹೋಗುವ ದಾರಿಯನ್ನು ಕೈಯಿಂದ ತೋರಿಸುತ್ತಿದ್ದರು. ನಾನು ಹೋದೆ. ಎರಡು ಬೇಲಿ, ಒಂದು ನೀರಿನ ಕಾಲುವೆ ಇತ್ಯರ್ಥವಾದವು. ಉಳವಿ ಬಿಟ್ಟು ಬಸ್ಸು ಹತ್ತುವಾಗ ನನ್ನ ಚೀಲದಲ್ಲಿ ಮೂರು ಸೇರು ಹಪ್ಪಳವಿತ್ತು, ವಿಜ್ಞಾನ ಅಷ್ಟಾಗಿ ಇರಲಿಲ್ಲ.

ಪ್ರೊಫೆಸರರು ನನ್ನ ಕಾಗದಗಳನ್ನೆಲ್ಲ ಓದಿ, ಇಷ್ಟು ಶಾಂತವಾದ ಊರು ಭೂಮಿಯ ಮೇಲೆ ಇರಲಿಕ್ಕೆ ಸಾಧ್ಯವೇ ಎಂದು ಕೇಳಿದರು. ನಾನು ತಪ್ಪೊಪ್ಪಿಕೊಂಡೆ. ಅವರು ಮೂಗೊರೆಸಿಕೊಂಡು, ಆ ಅಧ್ಯಾಯವನ್ನು ತೆಗೆದುಹಾಕಿದರು. ಅದರ ಬದಲು ನಾನಿದ್ದ ಬೀದಿಯ ಬಗ್ಗೆಯೇ ಬರೆ ಎಂದರು. ಆಮೇಲೆ ಮೆಲ್ಲನೆ, "ನೀನು ಮಾಡಿದ್ದಕ್ಕೆ ಪಶ್ಚಾತ್ತಾಪವಿದೆಯೇ?" ಎಂದು ಕೇಳಿದರು.

ನಾನು ಅವರನ್ನು ನೇರವಾಗಿ ನೋಡಿ, "ಇದೆ ಸರ್, ಮೂರು ದಿನ ತಡ ಮಾಡಿದ್ದಕ್ಕೆ" ಎಂದೆ, ಎಂದು ಈ ಕತೆಯನ್ನು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಿಜ ಹೇಳಬೇಕೆಂದರೆ ಆ ಮಾತು ಹೊಳೆದದ್ದು ಮನೆಗೆ ಹೋಗುವ ಬಸ್ಸಿನಲ್ಲಿ. ಅಲ್ಲಿ ನಾನು ಹೇಳಿದ್ದು, "ಬಹಳ ಇದೆ ಸರ್. ಇನ್ನೊಮ್ಮೆ ಹೀಗಾಗುವುದಿಲ್ಲ."