ಜಿನ್‌ಶುಯಿ ಮನೆಯ ಸ್ವಂತ ಕರೆಂಟು

ಆರಿಸಿದ ಮೇಣದಬತ್ತಿಯ ಹೊಗೆ ಮೂಗಿಗೆ ಬಡಿದರೆ ತ್ಸಾಯ್ ಜಿನ್‌ಶುಯಿ ಇವತ್ತಿಗೂ ಏಳು ವರ್ಷದ ಹುಡುಗನಾಗಿಬಿಡುತ್ತಾನೆ. ಬಿರುಗಾಳಿಗೆ ಕರೆಂಟು ಹೋದಾಗಲೆಲ್ಲ ಅಜ್ಜಿ ಹಾಲಿನ ಪುಡಿಯ ಡಬ್ಬದ ಮೇಲೆ ಬತ್ತಿ ಹಚ್ಚುತ್ತಿದ್ದಳು. ಎಲ್ಲರ ಕೈಗೂ ಗಂಜಿಯ ಬಟ್ಟಲು ಬಂದೊಡನೆ, "ಬಾಯಿ ಎಲ್ಲಿದೆ ಅಂತ ಗೊತ್ತಲ್ಲ, ಬೆಳಕು ಯಾಕೆ?" ಎಂದು ಬೆರಳಲ್ಲಿ ಚಿವುಟಿ ಆರಿಸುತ್ತಿದ್ದಳು. ದೊಡ್ಡವನಾದ ಮೇಲೆ ನನ್ನ ಮನೆಯಲ್ಲಿ ಕರೆಂಟು ಹೋಗಲೇಬಾರದು ಎಂದು ಹುಡುಗ ಆ ಕತ್ತಲಲ್ಲೇ ಶಪಥ ಮಾಡಿದ್ದ.

ಶಪಥ ಕೈಗೂಡಲು ಐವತ್ತಾರು ವರ್ಷ ಹಿಡಿಯಿತು. ದೋಣಿಕಟ್ಟೆಯ ಟಿಕೆಟ್ ಕೌಂಟರಿನಿಂದ ನಿವೃತ್ತನಾದ ಮೇಲೆ ಜಿನ್‌ಶುಯಿ ತಾರಸಿಗೆ ಹನ್ನೆರಡು ಸೋಲಾರ್ ಪ್ಯಾನೆಲ್ ಹಾಕಿಸಿದ. ಅವನ್ನು ವಿದ್ಯುತ್ ಕಂಪನಿಯ ತಂತಿಗೆ ಜೋಡಿಸಿಕೊಡಿ ಎಂದು ಅರ್ಜಿಯನ್ನೂ ಹಾಕಿದ. ಗುರುವಾರ ಬೆಳಿಗ್ಗೆ ಎಂಜಿನಿಯರ್ ಬರುತ್ತಾರೆ ಎಂದು ಉತ್ತರ ಬಂತು.

ಅದರ ಬೆನ್ನಿಗೇ ಓಣಿಯ ಬಾಯಲ್ಲೊಂದು ನೋಟೀಸು ಅಂಟಿತು: ಗುರುವಾರ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಕಂಬದ ಕೆಲಸ, ಕರೆಂಟು ಇರುವುದಿಲ್ಲ.

ಗುರುವಾರವೋ ಏಳನೆಯ ತಿಂಗಳ ಹುಣ್ಣಿಮೆ. ದಿಕ್ಕಿಲ್ಲದೆ ಅಲೆಯುವ ಹಸಿದ ಆತ್ಮಗಳಿಗೆ ಮನೆಮನೆಯ ಮುಂದೆ ಮೇಜು ಹಾಕಿ, ಮೂರು ಗಂಟೆಗೆ ಸರಿಯಾಗಿ ಬಿಸಿ ಊಟ ಬಡಿಸುವ ದಿನ. ಓಣಿಯವರು ಅವನ್ನು ದೆವ್ವ ಎನ್ನುವುದಿಲ್ಲ. ಎಲ್ಲಿ ಕೇಳಿಸಿಕೊಂಡಾವೋ ಎಂದು ಮರ್ಯಾದೆಯಿಂದ 'ಅಣ್ಣತಮ್ಮಂದಿರು' ಎನ್ನುತ್ತಾರೆ.

"ವರ್ಷಕ್ಕೊಂದ್ಸಲ ಅಣ್ಣತಮ್ಮಂದಿರು ಊಟಕ್ಕೆ ಬರ್ತಾರೆ. ಅವತ್ತೇ ತೆಗೀಬೇಕಾ ಇವರು ಕರೆಂಟ್ನ?" ಎಂದು ಓಣಿಯ ಮುಖ್ಯಸ್ಥ ಬೋಚಾಂಗ್ ನೋಟೀಸಿಗೆ ಬೆರಳು ಕುಟ್ಟಿದ.

"ಯಾವನೋ ಒಬ್ಬನ ಸಲುವಾಗಿ ಇದೆಲ್ಲ" ಎಂದ ಜಿನ್‌ಶುಯಿ. "ಅವನು ಸಿಕ್ರೆ ಮೂರು ದಿನ ಅಣ್ಣತಮ್ಮಂದಿರ ಜೊತೆ ಕೂಡಿ ಹಾಕ್ಬೇಕು. ಆದ್ರೆ ನೀವ್ಯಾಕೆ ಚಿಂತೆ ಮಾಡ್ತೀರಿ? ಹನ್ನೊಂದೂವರೆಗೆ ನಂದು ಜೋಡಣೆ ಆಗುತ್ತೆ. ಮೇಲೆ ಸೂರ್ಯ ಇದಾನೆ, ಕೆಳಗೆ ನಾನಿದೀನಿ. ಎಲ್ಲರೂ ಅಕ್ಕಿ ತೊಳೆದು ಕರೆಂಟ್ ಕುಕ್ಕರ್ ಸಮೇತ ನಮ್ಮನೆಗೆ ಬನ್ನಿ. ಮೂರಕ್ಕೆ ಅನ್ನ ಆಗ್ದಿದ್ರೆ ನನ್ನ ಹೆಸರು ಜಿನ್‌ಶುಯಿ ಅಲ್ಲ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಎದುರುಮನೆಯ ಪಾವ್‌ಚು ಮಾತ್ರ ತಟ್ಟಲಿಲ್ಲ. ಮೀನುಂಡೆ ಮಾರಿ ನಾಲ್ಕು ಮಕ್ಕಳನ್ನು ದಡ ಸೇರಿಸಿದ ಹೆಂಗಸು ಆಕೆ.

"ನಾನು ಗ್ಯಾಸ್ ಒಲೆಯವಳಪ್ಪ. ನನ್ನ ಪಾಡಿಗೆ ಅದರಲ್ಲೇ ಬೇಯಿಸ್ಕೋತೀನಿ."

"ನನ್ಮೇಲೆ ನಂಬಿಕೆ ಇಲ್ವಾ ಅಕ್ಕ?"

"ಸೂರ್ಯನ ಮೇಲಿದೆ. ನೋಡ್ಕೋ, ಅನ್ನ ಆರಿದ್ರೆ ಅವರು ಬೈಕೊಂಡು ತಿಂತಾರೆ. ಹಸಿ ಅಕ್ಕಿ ಇಟ್ರೆ ನಿನ್ನನ್ನೇ ತಿಂತಾರೆ."

ಗುರುವಾರ ಹತ್ತಕ್ಕೆ ಎಂಜಿನಿಯರ್ ಬಂದಳು. ಶ್ಯೂ ಎಂಬ ಚಿಕ್ಕ ವಯಸ್ಸಿನ ಹುಡುಗಿ, ತಲೆಗಿಂತ ದೊಡ್ಡ ಹೆಲ್ಮೆಟ್ಟು. ಗೋಡೆಯ ಮೇಲಿನ ಸೋಲಾರ್ ಪೆಟ್ಟಿಗೆಗೆ ತನ್ನ ಯಂತ್ರ ಹಚ್ಚಿ ನೋಡಿ ಹುಬ್ಬು ಗಂಟಿಕ್ಕಿದಳು.

"ತ್ಸಾಯ್ ಮಾಮ, ಇಷ್ಟು ಬಿಸಿಲಿಗೆ ಮೂರು ಬಲ್ಬಿಗಾಗೋ ಅಷ್ಟೂ ಬರ್ತಿಲ್ವಲ್ಲ!"

ಇಬ್ಬರೂ ತಾರಸಿಗೆ ಓಡಿದರು. ಹನ್ನೆರಡು ಪ್ಯಾನೆಲ್ಲುಗಳ ಮೇಲೂ ಗುಲಾಬಿ ಬಣ್ಣದ ಟವೆಲುಗಳು ಮದುವೆ ಚಪ್ಪರದ ಹಾಗೆ ಹರಡಿಕೊಂಡಿದ್ದವು. ಪಕ್ಕದ ತಾರಸಿಯಿಂದ ಬ್ಯೂಟಿ ಪಾರ್ಲರಿನ ಲೀಹ್ವಾ ಕೂಗಿದಳು: "ನಾನೇ ಹಾಕಿದ್ದು ಅಣ್ಣ! ನಿಮ್ಮ ಪ್ಯಾನೆಲ್ ಕಾವಲಿ ಹಾಗೆ ಕಾದಿತ್ತು. ಅಷ್ಟು ಶಾಖ ಸುಮ್ನೆ ದಂಡ ಆಗ್ತಿದೆಯಲ್ಲ ಅಂತ!"

ಶ್ಯೂ ನಗು ತಡೆದುಕೊಂಡು ನಲವತ್ತು ಟವೆಲನ್ನೂ ಮಡಿಸಿ ದಾಟಿಸಿದಳು. ಕೆಳಗೆ ಬಂದರೆ ಪೆಟ್ಟಿಗೆಯ ಅಂಕಿಗಳೇ ಕಾಣುತ್ತಿಲ್ಲ. ಅಷ್ಟರಲ್ಲಿ ಬೋಚಾಂಗ್ ಅದರ ಮುಖಕ್ಕೆ ಗುಡಿಯಿಂದ ತಂದ ಹಳದಿ ರಕ್ಷೆಯ ಚೀಟಿ ಅಂಟಿಸಿದ್ದ. "ಬೆಂಕಿಗಿಂಕಿ ಹತ್ಬಾರದಲ್ಲಮ್ಮ" ಎಂದ. ಆಕೆ ಅದನ್ನು ಉಗುರಿನಿಂದ ಹರಿಯದಂತೆ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು ಪಕ್ಕದ ಗೋಡೆಗೆ ಅಂಟಿಸಿದಳು.

ಅಂಗಳದಲ್ಲಿ ಆಗಲೇ ಹದಿನಾಲ್ಕು ಕುಕ್ಕರುಗಳು ಸಾಲುಗಟ್ಟಿದ್ದವು. ಒಂದು ಫ್ರೀಜರೂ ಪೂಜಾರಿಯ ಧ್ವನಿವರ್ಧಕವೂ ಬಂದು ಕೂತವು. ವೈರುಗಳು ಶಾವಿಗೆಯ ಹಾಗೆ ಒಂದಕ್ಕೊಂದು ಹೆಣೆದುಕೊಂಡಿದ್ದವು. ಜಿನ್‌ಶುಯಿ ಮಧ್ಯೆ ನಿಂತು ಹಳೆಯ ಟಿಕೆಟ್ ಕೌಂಟರಿನ ಗತ್ತಿನಲ್ಲಿ, "ಸಾಲಾಗಿ, ಸಾಲಾಗಿ! ನೂಕಬೇಡಿ!" ಎನ್ನುತ್ತಿದ್ದ.

"ಮಾಮ, ಒಂದ್ನಿಮಿಷ ಒಳಗೆ ಬನ್ನಿ" ಎಂದು ಶ್ಯೂ ಕರೆದಳು. "ಕೊನೇ ಪರೀಕ್ಷೆ. ನೀವು ಕಣ್ಣಾರೆ ನೋಡ್ಬೇಕು, ಮುಖ್ಯವಾದ್ದು."

"ನೀನು ಓದಿದ ಹುಡುಗಿ. ನೀನು ನೋಡಿದ್ರೆ ನಾನು ನೋಡಿದ ಹಾಗೇ. ಸಹಿಗೆ ಮೊಹರು ಎಲ್ಲೊತ್ತಲಿ?"

ಆಕೆ ತೋರಿಸಿದ್ದು ಆರು ಕಡೆ. ಅವನು ಹುರುಪಿನಲ್ಲಿ ಏಳು ಕಡೆ ಒತ್ತಿದ.

ಹನ್ನೊಂದೂವರೆಗೆ ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿತು. ಜಿನ್‌ಶುಯಿ ಮದುಮಗನ ಹಾಗೆ ನಿಂತ. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಹದಿನಾಲ್ಕು ಕುಕ್ಕರಿನ ಗುಂಡಿಗಳೂ ಟಕಟಕನೆ ಕೆಳಗಿಳಿದವು.

ಹನ್ನೆರಡಾಯಿತು. ಓಣಿಯ ಏಸಿಗಳೆಲ್ಲ ಒಂದು ದೊಡ್ಡ ನಿಟ್ಟುಸಿರು ಬಿಟ್ಟು ಸುಮ್ಮನಾದವು. ಜಿನ್‌ಶುಯಿ ಮುಗುಳ್ನಕ್ಕು ತನ್ನ ಅಂಗಳದ ಕಡೆ ಕೈ ತೋರಿಸಿದ. ಅಲ್ಲಿ ಹದಿನಾಲ್ಕು ಕೆಂಪು ದೀಪಗಳೂ ಒಟ್ಟಿಗೇ ಕಣ್ಣು ಮುಚ್ಚಿದ್ದವು.

ಜನ ಮೊದಲು ಕುಕ್ಕರುಗಳನ್ನು ನೋಡಿದರು. ಆಮೇಲೆ ನೆತ್ತಿಯ ಮೇಲೆ ಸುಡುತ್ತಿದ್ದ ಸೂರ್ಯನನ್ನು ನೋಡಿದರು. ಆಮೇಲೆ ಜಿನ್‌ಶುಯಿಯನ್ನು ನೋಡಿದರು.

ಜಿನ್‌ಶುಯಿ ಓಣಿಯ ತುದಿಯ ಕಂಬದ ಹತ್ತಿರ ನಿಂತಿದ್ದ ಶ್ಯೂ ಬಳಿಗೆ ಓಡಿದ. ಓಣಿಯೂ ಅವನ ಹಿಂದೆ ಓಡಿತು.

"ಅಮ್ಮಾ, ಕೆಟ್ಟೋಯ್ತು!"

"ಕೆಟ್ಟಿಲ್ಲ ಮಾಮ, ಚೆನ್ನಾಗೇ ಕೆಲಸ ಮಾಡ್ತಿದೆ. ತಂತೀಲಿ ಕರೆಂಟ್ ನಿಂತ ತಕ್ಷಣ ನಿಮ್ಮದೂ ನಿಲ್ಲಬೇಕು. ಇಲ್ದಿದ್ರೆ ನಿಮ್ಮನೆ ಕರೆಂಟು ತಂತಿ ಹಿಡ್ಕೊಂಡು ಬಂದು ಕಂಬದ ಮೇಲಿರೋರನ್ನ ಹೊಡೀತಿತ್ತು. ಅದನ್ನ ತೋರಿಸೋಕೇ ಕರೆದಿದ್ದು. ನೀವು ಮೊಹರು ಒತ್ತಿಬಿಟ್ರಿ."

ಜಿನ್‌ಶುಯಿ ತಲೆಯೆತ್ತಿದ. ಕಂಬದ ಮೇಲೆ ಬೆವರಲ್ಲಿ ತೊಯ್ದ ಅಂಗಿಯ ಲೈನ್‌ಮನ್ ಅವನಿಗೆ ಕೈ ಬೀಸಿದ. ಆ ಕೈಯನ್ನು ನೋಡಿದ ಮೇಲೆ ಅವನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧವನ್ನು ಹೊರಿಸಲು ಇನ್ನೊಂದು ತಲೆ ಬೇಕಿತ್ತು.

"ಹಾಗಾದ್ರೆ ಇದು ಯಾವನ ಕೆಲಸ? ಹಬ್ಬದ ದಿನ ಇಡೀ ಓಣೀನ ಹಸಿ ಅಕ್ಕಿ ಮುಂದೆ ಕೂರಿಸಿದ ಪುಣ್ಯಾತ್ಮ ಯಾರು?"

ಶ್ಯೂ ಕೈಯಲ್ಲಿದ್ದ ಕಾಗದ ನೋಡಿದಳು. ಆಮೇಲೆ ತನ್ನ ಬೂಟು ನೋಡಿಕೊಂಡಳು. "ಬಿಡಿ ಮಾಮ, ಆಮೇಲೆ ಹೇಳ್ತೀನಿ" ಎಂದಳು.

"ಆಮೇಲೆ ಯಾಕೆ? ಎಲ್ಲರಿಗೂ ಕೇಳೋ ಹಾಗೆ ಓದಮ್ಮ!" ಎಂದ ಜಿನ್‌ಶುಯಿ.

ಆಕೆ ಓದಿದಳು: "ಸೋಲಾರ್ ಜೋಡಣೆಗೆ ಈಗಿರುವ ಟ್ರಾನ್ಸ್‌ಫಾರ್ಮರ್ ಸಾಲದ ಕಾರಣ ದೊಡ್ಡದನ್ನು ಹಾಕುವ ಕೆಲಸ. ಅರ್ಜಿದಾರರು, ಹದಿನೇಳನೇ ನಂಬರಿನ ಮನೆ, ತ್ಸಾಯ್ ಜಿನ್‌ಶುಯಿ."

ಮೂರು ದಿನ ಕೂಡಿ ಹಾಕಬೇಕೆಂದದ್ದು ಯಾರು ಎಂಬುದನ್ನು ಯಾರೂ ನೆನಪಿಸಲಿಲ್ಲ. ಅವರ ಒಳ್ಳೆಯತನ ಅದು. ಬೋಚಾಂಗ್ ಮಾತ್ರ ಒಂದು ಸಲ ಗಟ್ಟಿಯಾಗಿ ಕೆಮ್ಮಿದ.

ಪಾವ್‌ಚು ತನ್ನ ಮೂರೂ ಗ್ಯಾಸ್ ಒಲೆಗಳನ್ನು ಬಾಗಿಲಿಗೆ ತಂದಿಟ್ಟಳು. ಮೀನುಂಡೆ ಬೇಯುವ ದೊಡ್ಡ ಪಾತ್ರೆಗಳಿಗೆ ಓಣಿಯ ಅಕ್ಕಿಯೆಲ್ಲ ಬಿತ್ತು. ಲೀಹ್ವಾ ಟವೆಲಿನಲ್ಲಿ ಹಿಡಿದು ಪಾತ್ರೆ ಇಳಿಸಿದಳು. ಮೂರಕ್ಕೆ ಎಲ್ಲ ಮೇಜುಗಳ ಮೇಲೂ ಹಬೆಯಾಡುವ ಅನ್ನವಿತ್ತು. ಧ್ವನಿವರ್ಧಕವಿಲ್ಲದ ಪೂಜಾರಿ ಗಂಟಲು ಹರಿದುಕೊಂಡು ಅಣ್ಣತಮ್ಮಂದಿರನ್ನು ಕೂಗಿ ಕರೆದ.

ಜಿನ್‌ಶುಯಿಯನ್ನು ಯಾರೂ ಕರೆಯಲಿಲ್ಲ. ಅವನು ಮನೆಯೊಳಗೆ, ತಾರಸಿಗೆ ಹೋಗುವ ಮೆಟ್ಟಿಲ ಮೇಲೆ ಮೊಣಕಾಲಿಗೆ ಗಲ್ಲ ಆನಿಸಿ ಕೂತಿದ್ದ.

ಹೊರಗೆ ಊದುಕಡ್ಡಿ ಅರ್ಧ ಉರಿದಿತ್ತು; ಅದು ಪೂರ್ತಿ ಉರಿಯುವವರೆಗೆ ಮೇಜಿನ ಊಟ ಅಣ್ಣತಮ್ಮಂದಿರದು. ಪಾವ್‌ಚು ಒಳಗೆ ಬಂದಳು. ಮೇಜಿಗೆ ಬಡಿಸುವ ಮೊದಲೇ ತೆಗೆದು ಮುಚ್ಚಿಟ್ಟಿದ್ದ ಬಟ್ಟಲು ಕೈಯಲ್ಲಿತ್ತು. ಅನ್ನ, ಸೋಯಾ ರಸದಲ್ಲಿ ಬೆಂದ ಒಂದು ಮೊಟ್ಟೆ, ಎರಡು ಮೀನುಂಡೆ. ಅದನ್ನು ಅವನ ಕೈಗಿಟ್ಟು, ಮೇಲೆ ಊಟದ ಕಡ್ಡಿಗಳನ್ನು ಅಡ್ಡಲಾಗಿ ಇರಿಸಿ, ಒಲೆಯ ಕಡೆಗೆ ಹೊರಟುಹೋದಳು.