ಅತ್ತೆ, ಕೆಂಪಿ ಮತ್ತು ಎಡಗಡೆಯ ಪೆಡಲು

ನಮ್ಮತ್ತೆಗೆ ಸೈಕಲ್ ಕಲಿಸಿದವನು ನಾನು. ಆದರೆ ಕಲಿಸುವಾಗ ನಾನು ಮಾತಾಡಿದ್ದೆಲ್ಲ ಒಂದು ಹಸುವಿನ ಜೊತೆ! ಸುಳ್ಳಲ್ಲ ಸ್ವಾಮಿ. ಹಸುವಿನ ಹೆಸರು ಕೆಂಪಿ. ಭರಮಸಾಗರದ ಹತ್ತಿರದ ನನ್ನ ಹೆಂಡತಿಯ ತವರಿನಲ್ಲಿ, ಕೊಟ್ಟಿಗೆಯ ಬಲಗಡೆಯ ಗೂಟದಲ್ಲಿ ಈಗಲೂ ಇದೆ. ಅನುಮಾನವಿದ್ದವರು ಹೋಗಿ ವಿಚಾರಿಸಬಹುದು. ಮಾತಾಡುವುದಿಲ್ಲ ಅನ್ನುವುದೊಂದು ಬಿಟ್ಟರೆ ಬಹಳ ಸತ್ಯವಂತ ಹಸು.

ವಿಷಯ ಏನೆಂದರೆ, ನಮ್ಮತ್ತೆ ಹಳೇ ಕಾಲದ ಕಟ್ಟುನಿಟ್ಟಿನವರು. ಅಳಿಯನೆದುರು ಅತ್ತೆಯಾದವಳ ತಲೆಯ ಮೇಲಿನ ಸೆರಗು ಜಾರಬಾರದು, ಅವನ ಸಮಕ್ಕೆ ಕೂರಬಾರದು, ಹೆಸರು ಹಿಡಿದು ಕರೆಯಬಾರದು, ಮುಖ ಕೊಟ್ಟು ಮಾತಾಡಬಾರದು. ಊರಿನ ಉಳಿದ ಅತ್ತೆಯರೆಲ್ಲ ಈ ಕಾಯಿದೆಯನ್ನು ಯಾವತ್ತೋ ಗಾಳಿಗೆ ತೂರಿ ಆಗಿದೆ. ಪಕ್ಕದ ಮನೆಯ ಅತ್ತೆಯಂತೂ ಅಳಿಯನ ಪಕ್ಕ ನಿಂತು ಸೆಲ್ಫಿ ತೆಗೆದು ಸ್ಟೇಟಸ್ಸಿಗೆ ಹಾಕುತ್ತಾರೆ! ನಮ್ಮತ್ತೆ ಮಾತ್ರ ಅಡುಗೆಮನೆಯ ಬಾಗಿಲ ಹಿಂದೆ. ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಚೆನ್ನಾಗಿ ಪರಿಚಯವಿದ್ದದ್ದು ಅವರ ಬಳೆಯ ಸದ್ದು ಮತ್ತು ಅವರ ಕೈಯ ರಾಗಿಮುದ್ದೆ. ನಾನು ಚಿತ್ರದುರ್ಗದವನಾದ್ದರಿಂದ ಅವರ ಬಾಯಲ್ಲಿ ನನ್ನ ಹೆಸರು 'ದುರ್ಗದೋರು'. ಅದೂ ಮಗಳಿಗೆ ಹೇಳುವಾಗ. "ದುರ್ಗದೋರಿಗೆ ಇನ್ನೊಂದು ಮುದ್ದೆ ಇಕ್ಕೇ." "ದುರ್ಗದೋರು ಸಾರು ಬಿಟ್ಟವ್ರಲ್ಲ, ಉಪ್ಪು ಜಾಸ್ತಿ ಆಗೈತಾ ಕೇಳೇ." ದುರ್ಗದ ಸಮಸ್ತ ಜನರ ಪರವಾಗಿ ನಾನೊಬ್ಬನೇ ಕೂತು ಮುದ್ದೆ ನುಂಗುತ್ತಿದ್ದೆ.

ನಗುತ್ತೀರಿ, ನಗಿ. ಆದರೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ಇಸ್ಕೂಲಿನ ಮುಖ ನೋಡುವ ಮೊದಲೇ ನನ್ನ ತಾಯಿ ತೀರಿಕೊಂಡಳು. ಮದುವೆಯಾದರೆ ಹೆಂಡತಿಯ ಜೊತೆಗೆ ಒಬ್ಬ ಅಮ್ಮನೂ ಸಿಕ್ಕಾಳು ಎಂದು ಒಳಗೊಳಗೇ ಆಸೆ ಇಟ್ಟುಕೊಂಡಿದ್ದೆ. ಸಿಕ್ಕಳು, ಬಾಗಿಲ ಹಿಂದೆ! ಒಂದೇ ಒಂದು ಸಲ ನನ್ನ ಮುಖ ನೋಡಿ 'ಉಣ್ಣಪ್ಪ' ಅನ್ನಲಿ ಎಂದು ಕಾದೆ. ಹೆಂಡತಿಗೆ ಹೇಳಿದರೆ, "ಅಮ್ಮ ನಿಮಗೆ ಮರ್ಯಾದೆ ಕೊಡ್ತೈತೆ ಕಣ್ರೀ, ಅದೂ ಬ್ಯಾಡ್ವಾ?" ಅನ್ನುತ್ತಿದ್ದಳು. ಮರ್ಯಾದೆ ಸಾಕಾಗುವಷ್ಟು ಸಿಕ್ಕಿತ್ತು. ನನಗೆ ಬೇಕಾದದ್ದು ಬೇರೆ.

ಹೀಗಿರುವಾಗ ಆ ಮನೆಯಲ್ಲಿ ಮೊಪೆಡ್ ಜಗಳ ನಡೆಯಿತು. ದಿನಾ ಬೆಳಿಗ್ಗೆ ಮಾವ ಮೊಪೆಡ್ ಓಡಿಸುವುದು, ಹಿಂದೆ ಅತ್ತೆ ಹಾಲಿನ ಕ್ಯಾನು ತೊಡೆಯ ಮೇಲಿಟ್ಟುಕೊಂಡು ಕೂರುವುದು, ಕೆರೆ ಏರಿ ದಾಟಿ ಡೈರಿಗೆ ಹಾಲು ಹಾಕಿ ಬರುವುದು ವಾಡಿಕೆ. ಒಂದು ದಿನ ಮೊಪೆಡ್ ಗುಂಡಿಗೆ ಇಳಿದು ಹಾಲು ಚೆಲ್ಲಿತು. ಮಾವ ಡೈರಿಯ ಜನರೆದುರು, "ಇವ್ಳು ಹಿಂದೆ ಕುಂತ್ರೆ ಗಾಡಿ ಒಂದು ಕಡೀಕೆ ವಾಲ್ತೈತೆ, ನಾನೇನ್ ಮಾಡ್ಲಿ?" ಅಂದುಬಿಟ್ಟರು. ಗುಂಡಿಗೆ ಇಳಿಸಿದವರು ಯಾರು, ಬೈಸಿಕೊಂಡವರು ಯಾರು! ಅತ್ತೆ ಅಲ್ಲೇ ಶಪಥ ಮಾಡಿದರು: "ಇನ್ನ ನಿಮ್ ಹಿಂದೆ ಕುಂತ್ರೆ ಕೇಳ್ರಿ." ಅಂದಿನಿಂದ ಕ್ಯಾನು ಹೊತ್ತು ನಡಿಗೆ. ಮೊಣಕಾಲು ಮೊದಲೇ ಹಿಡಿದಿತ್ತು. ಡೈರಿಯವರೋ, ಹೊತ್ತಾದರೆ ಹಾಲು ತೆಗೆದುಕೊಳ್ಳುವವರಲ್ಲ. ಎರಡು ಸಲ ಹಾಲು ವಾಪಸ್ಸು ಬಂದಿತು. ಮಾವ ಮೀಸೆಯಲ್ಲೇ ನಕ್ಕರು.

ಆ ಭಾನುವಾರ ನಾನು ದುರ್ಗದಿಂದ ಸೈಕಲ್ಲಿನಲ್ಲಿ ಹೋಗಿದ್ದೆ. ನನಗೊಂದು ಗೇರ್ ಸೈಕಲ್ಲಿನ ಖಯಾಲಿ. ಹೆಲ್ಮೆಟ್ಟು, ಕೈಗವಸು, ದಪ್ಪ ಸ್ಪಂಜಿನ ಚಡ್ಡಿ, ಎಲ್ಲ ಉಂಟು. ಮಾವ ಹಿಂದಿನಿಂದ ನೋಡಿ, "ಅಳಿಯಂದ್ರೇ, ಚಡ್ಡಿ ಒಳಗೆ ದಿಂಬು ಹೊಲಿಸ್ಕಂಡಂಗೈತೆ?" ಎಂದು ವಿಚಾರಿಸಿದ್ದರು. ಅತ್ತೆ ಆವತ್ತು ಮೊದಲ ಬಾರಿಗೆ ನನ್ನ ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿದರು. ಮಗಳು ಹತ್ತಿರ ಇರಲಿಲ್ಲ. ಅಳಿಯನ ಹತ್ತಿರ ಮಾತಾಡುವಂತಿಲ್ಲ. ಕೊಟ್ಟಿಗೆಯ ಕಡೆ ತಿರುಗಿ, ಗಟ್ಟಿಯಾಗಿ ಹೇಳಿದರು:

"ಏನೇ ಕೆಂಪಿ, ಇದಕ್ಕೆ ಸ್ಟ್ಯಾಂಡಿಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಬೆಲ್ಲೂ ಇಲ್ಲ. ಎಲ್ಲಾ ಕಿತ್ಕಂಡು ಮಾರವ್ರಲ್ಲೇ ಅಂಗಡಿಯೋರು!"

ಕೆಂಪಿ ಬಾಲ ಬೀಸಿತು. ನಾನೂ ಕೆಂಪಿಗೇ ಹೇಳಿದೆ: "ಕೆಂಪೀ, ಎಲ್ಲಾ ಇರೋ ಲೇಡೀಸ್ ಸೈಕಲ್ಲೂ ಸಿಗುತ್ತೆ ಅಂತ ಹೇಳೇ. ಮುಂದೆ ಬುಟ್ಟಿ ಇರುತ್ತೆ. ಹಾಲಿನ ಕ್ಯಾನು ಅದರಲ್ಲೇ ಕೂರುತ್ತೆ."

ಅತ್ತೆ ಬಳೆ ಸದ್ದಾಗುವಂತೆ ಹ್ಯಾಂಡಲ್ ಮುಟ್ಟಿ ನೋಡಿದರು. ಆಮೇಲೆ ಮೆಲ್ಲಗೆ, "ಈ ವಯಸ್ನಾಗೆ ಕಲಿಯಾಕೆ ಆಗ್ತೈತಾ ಕೇಳೇ ಕೆಂಪಿ." ಹೀಗೆ ಶುರುವಾಯಿತು ನೋಡಿ ನಮ್ಮ ಪಾಠ.

ಲೇಡೀಸ್ ಸೈಕಲ್ ಅತ್ತೆಯ ಮನೆಗೆ ಬಂದದ್ದೇ ತಡ, ದುರ್ಗದ ನಮ್ಮ ಮನೆಯ ಫೋನಿಗೆ ಬಿಡುವಿಲ್ಲ. ಫೋನು ಮಗಳಿಗೆ, ಪ್ರಶ್ನೆ ನನಗೆ. ಹೆಂಡತಿ ಸ್ಪೀಕರ್ ಹಾಕುವಳು. ನಾನು ಎರಡು ಅಡಿ ದೂರದಲ್ಲಿ ಉತ್ತರ ಹೇಳುವೆ. ಆ ಕಡೆ ಸ್ಪಷ್ಟವಾಗಿ ಕೇಳಿಸಿರುತ್ತದೆ. ಆದರೂ ಅತ್ತೆ, "ಏನಂತೆ?" ಎಂದು ಮಗಳನ್ನು ಕೇಳಬೇಕು, ಮಗಳು ಅದನ್ನೇ ಪುನಃ ಹೇಳಬೇಕು, ಆಗ ಅವರಿಗೆ ಅರ್ಥವಾಗಬೇಕು! ಟಯರಿಗೆ ಗಾಳಿ ಎಷ್ಟು? ಹೆಬ್ಬೆರಳಲ್ಲಿ ಒತ್ತಿದರೆ ಕಲ್ಲಿನಂತಿರಬೇಕು. ಏನಂತೆ? ಕಲ್ಲಿನಂತಿರಬೇಕಂತೆ. ಚೈನಿಗೆ ಕೊಬ್ಬರಿ ಎಣ್ಣೆ ಆಗುತ್ತಾ? ಆಗಲ್ಲ. ಏನಂತೆ? ಆಗಲ್ಲಂತೆ. "ತಲಿಗೆ ಆಗ್ತೈತೆ, ಚೈನಿಗ್ಯಾಕೆ ಆಗಲ್ಲಂತೆ?"

ಒಂದು ದಿನ ಪೆಡಲು ಕೈಗೆ ಬಂತು. ಸ್ಪ್ಯಾನರಿನಲ್ಲಿ ಬಿಗಿ ಮಾಡಲು ಹೇಳಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಫೋನು. "ಬಿಗಿ ಮಾಡಿದಷ್ಟೂ ಆಚೀಗೇ ಬರ್ತೈತೆ ಅಂತ ಹೇಳೇ. ಮಾಟ ಮಾಡ್ಸಿದಂಗೈತೆ."

"ಯಾವ ಕಡೆ ಪೆಡಲಂತೆ?"

"ಎಡಗಡೆದಂತೆ."

"ಹಾಗಾದ್ರೆ ಮಾಟ ಅಲ್ಲ ಅಂತ ಹೇಳು. ಬಲಗಡೆದು ಎಲ್ಲಾ ನಟ್ಟಿನ ಹಾಗೆ ತಿರುಗಿಸಬೇಕು. ಎಡಗಡೆದು ಮಾತ್ರ ಉಲ್ಟಾ. ಬಿಚ್ಚೋ ಕಡೆ ತಿರುಗಿಸಿದ್ರೆ ಬಿಗಿಯಾಗುತ್ತೆ."

ಆ ಕಡೆ ಸ್ಪ್ಯಾನರ್ ಕಿರುಗುಟ್ಟಿತು. ಪೆಡಲು ಕೂತಿತು. ಅತ್ತೆಯ ದನಿಯಲ್ಲಿ ಜ್ಞಾನೋದಯವಾದಂತಿತ್ತು: "ಹಂಗಾದ್ರೆ ಇದು ನಿಮ್ಮಪ್ಪನ ಜಾತಿ ಕಣೇ. ಎಲ್ರೂ ಒಂದು ಕಡೀಕೆ ಅಂದ್ರೆ ತಾನೊಂದು ಕಡೀಕೆ!" ಹಿಂದಿನಿಂದ ಮಾವ ಕೆಮ್ಮಿದ್ದು ನಮಗೂ ಕೇಳಿಸಿತು.

ಇನ್ನು ಹೆಲ್ಮೆಟ್ಟಿನ ಪ್ರಕರಣ. ಹೆಲ್ಮೆಟ್ ಇಲ್ಲದೆ ಸೈಕಲ್ ಮುಟ್ಟುವಂತಿಲ್ಲ ಎಂದು ನಾನು ಹಟ ಹಿಡಿದಿದ್ದೆ. ಅವರಿಗೋ ಅಳಿಯನೆದುರು ತಲೆಯ ಮೇಲೆ ಸೆರಗಿರಲೇಬೇಕು. ಸೆರಗಿನ ಮೇಲೆ ಹೆಲ್ಮೆಟ್ಟೋ, ಹೆಲ್ಮೆಟ್ಟಿನ ಮೇಲೆ ಸೆರಗೋ? ಮನೆಯಲ್ಲಿ ಪಂಚಾಯಿತಿಯೇ ಸೇರಿತು. ಕೊನೆಗೆ ಹೆಲ್ಮೆಟ್ ಹಾಕಿ, ಗಲ್ಲದ ಕೆಳಗೆ ಪಟ್ಟಿ ಬಿಗಿದು, ಅದರ ಮೇಲೆ ಸೆರಗು ಹೊದ್ದು ಹೊರಗೆ ಬಂದರು. ಹುತ್ತಕ್ಕೆ ಸೀರೆ ಉಡಿಸಿದಂತೆ ಕಾಣುತ್ತಿತ್ತು! ನಗು ತಡೆಯಲು ನಾನು ಕೆಂಪಿಯ ಕತ್ತಿನ ಕೆಳಗಿನ ಗಂಗೆದೊಗಲು ತುರಿಸುತ್ತ ನಿಂತೆ. ಮಾರನೆಯ ದಿನ ನೋಡಿದರೆ ಹೆಲ್ಮೆಟ್ಟಿನ ತೂತುಗಳಲ್ಲೆಲ್ಲ ಕನಕಾಂಬರ. ಅದು ಗಾಳಿಯಾಡಲು ಬಿಟ್ಟದ್ದು ಎಂದು ಹೆಂಡತಿಯ ಮೂಲಕ ತಿಳಿಸಿದೆ. ಉತ್ತರ ಬಂತು: "ಗಾಳಿಗೆ ಇಷ್ಟೊಂದು ತೂತು ಯಾಕೆ ಬೇಕು? ಮುಡ್ಕಣಾಕೇ ಬಿಟ್ಟಿರಾದು. ದುರ್ಗದೋರಿಗೆ ಗೊತ್ತಿಲ್ಲ."

ಭಾನುವಾರಗಳಲ್ಲಿ ಕೆರೆ ಏರಿಯ ಮೇಲೆ ಪಾಠ. ನನ್ನೆದುರು ಬರುವುದು ತಪ್ಪು, ಸರಿ. ಆದರೆ ನಾನು ಹಿಂದೆ ಕ್ಯಾರಿಯರ್ ಹಿಡಿದುಕೊಂಡು ಓಡಿದರೆ ಎದುರಿಗೆ ಬಂದಂತಾಯಿತೇ? ಈ ಉಪಾಯ ಹೊಳೆದದ್ದು ಅತ್ತೆಗೇ. ಮೊದಮೊದಲು ಹೆಂಡತಿ ಪಕ್ಕದಲ್ಲಿ ಓಡುತ್ತ ದುಭಾಷಿ ಕೆಲಸ ಮಾಡಿದಳು. ನಾನು "ಬ್ರೇಕ್!" ಅನ್ನುವೆ. ಅವಳು ಏದುಸಿರಲ್ಲಿ "ಅಮ್ಮಾ, ಬ್ರೇಕಂತೆ!" ಅನ್ನುವಳು. ಅತ್ತೆ "ಯಾವ ಕೈದಂತೆ?" ಅನ್ನುವರು. ಅಷ್ಟರಲ್ಲಿ ನಾವು ಮೂವರೂ ಜಾಲಿ ಪೊದೆಯೊಳಗೆ! ಮುಳ್ಳು ಕೀಳಿಸಿಕೊಂಡ ಮೇಲೆ ಹೆಂಡತಿ ಹುದ್ದೆಗೆ ರಾಜೀನಾಮೆ ಕೊಟ್ಟಳು. ಆ ಜಾಗಕ್ಕೆ ಕೆಂಪಿಗೆ ಬಡ್ತಿ ಸಿಕ್ಕಿತು. ಅದನ್ನು ಏರಿಯ ಮೇಲೆ ಮೇಯಲು ಕಟ್ಟಿ, ಅತ್ತೆ ಸೀಟಿನ ಮೇಲಿಂದ ಕೂಗುವರು: "ಕೆಂಪೀ, ಗಟ್ಟಿಯಾಗಿ ಹಿಡ್ಕಂಡವ್ರಾ ನೋಡೇ!" ನಾನು ಹಿಂದಿನಿಂದ: "ಕೆಂಪೀ, ಹಿಡ್ಕೊಂಡಿದೀನಿ, ಮುಂದೆ ನೋಡಿ ತುಳೀಬೇಕು ಅಂತ ಹೇಳೇ!" ಕುರಿ ಹೊಡೆದುಕೊಂಡು ಬರುತ್ತಿದ್ದವನೊಬ್ಬ ಕೋಲೂರಿ ನಿಂತು ಎಲ್ಲವನ್ನೂ ಕೇಳಿಸಿಕೊಂಡು, "ಏನ್ರಪ್ಪ, ದನಕ್ಕೆ ಸೈಕಲ್ ಕಲಿಸ್ತಿದೀರಾ?" ಅಂದ.

ಅಂತೂ ಅತ್ತೆಗೆ ಬ್ಯಾಲೆನ್ಸ್ ಬಂತು. ಒಂದು ಬೆಳಿಗ್ಗೆ ಹಾಲು ತುಂಬಿದ ಕ್ಯಾನನ್ನು ಬುಟ್ಟಿಯಲ್ಲಿಟ್ಟುಕೊಂಡು ಡೈರಿಗೆ ಮೊದಲ ಪ್ರಯಾಣ. ಅತ್ತೆ ಸೆರಗನ್ನು ಸೊಂಟಕ್ಕೆ ಬಿಗಿದಿದ್ದರು. ನಾನು ಹಿಂದಿದ್ದೆನಲ್ಲ, ನಡೆಯುತ್ತದೆ! ಹೆಂಡತಿ ಮನೆಯಲ್ಲಿ, ಕೆಂಪಿ ಕೊಟ್ಟಿಗೆಯಲ್ಲಿ. ಏರಿಯ ಮೇಲೆ ಇಬ್ಬರೇ. ಪೆಡಲಿನ ಸದ್ದು, ನನ್ನ ಏದುಸಿರು. ಅವರು ತುಳಿದರು ನೋಡಿ! ನಾನು ಓಡುವಷ್ಟು ಓಡಿದೆ, ಕ್ಯಾರಿಯರ್ ಕೈಜಾರಿತು, ಏರಿಯ ಕಲ್ಲಿಗೆ ಕಾಲು ಎಡವಿ ಮುಖ ಅಡಿಯಾಗಿ ಬಿದ್ದೆ. ಹಣೆ ಒಡೆಯಿತು, ಮೊಣಕಾಲು ಕಿತ್ತು ಬಂತು. ಒಂದು ಗಳಿಗೆ ಕಣ್ಣು ಕತ್ತಲೆ.

ಸದ್ದು ಅವರಿಗೆ ಕೇಳಿಸಿರಬೇಕು. ಬ್ರೇಕ್ ಕಿರ್ರೆಂದಿತು. ತಲೆಯೆತ್ತಿ ನೋಡಿದರೆ ಸೈಕಲ್ ಅಡ್ಡ ಬಿದ್ದಿದೆ, ಹಾಲು ಏರಿಯ ಮಣ್ಣಲ್ಲಿ ಹರಿಯುತ್ತಿದೆ, ಮೊಣಕಾಲು ನೋವಿನ ನಮ್ಮತ್ತೆ ಸೀರೆ ಎತ್ತಿ ಕಟ್ಟಿಕೊಂಡು ನನ್ನ ಕಡೆಗೆ ಓಡಿ ಬರುತ್ತಿದ್ದಾರೆ!

"ಲೇ! ಲೇ ನನ್ನಪ್ಪ! ಏನಾತೋ? ನೋಡಾಣ, ಇಲ್ಲಿ ತಿರುಗೋ! ಅಯ್ಯೋ ರಕ್ತ!"

ಧೂಳಿನಲ್ಲೇ ಕೂತು ನನ್ನ ತಲೆಯನ್ನು ತೊಡೆಯ ಮೇಲೆಳೆದುಕೊಂಡರು. ಸೊಂಟದಿಂದ ಸೆರಗು ಕಿತ್ತು ಹಣೆ ಒತ್ತಿದರು. ಅವರ ಮುಖವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಆವತ್ತೇ. ಮೂಗಿನ ಪಕ್ಕ ಒಂದು ಮಚ್ಚೆಯಿದೆ. ನನ್ನ ಹೆಂಡತಿಗೂ ಅಲ್ಲೇ ಇದೆ.

"ನನ್ ತಲಿಗೆ ಬುಟ್ಟಿ ಕಟ್ಟಿ, ನೀನು ಬರೀ ತಲೆಯಾಗೆ ಓಡ್ತೀಯೇನೋ? ಬುದ್ಧಿ ಐತೇನೋ ನಿಂಗೆ? ನಿಂಗೇನಾರ ಆಗಿದ್ರೆ ನಾನೇನೋ ಮಾಡ್ಲಿ?" ಎಂದು ಬೈಯುತ್ತಲೇ ತಮ್ಮ ಹೆಲ್ಮೆಟ್ ಬಿಚ್ಚಿ ನನ್ನ ತಲೆಗೆ ಹಾಕಿ ಪಟ್ಟಿ ಬಿಗಿದರು. ಬಿದ್ದಾದ ಮೇಲೆ ಹೆಲ್ಮೆಟ್ ಯಾಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

"ಅತ್ತೆ, ಹಾಲು…" ಅಂದೆ.

"ಹಾಳಾಗ್ ಹೋಗ್ಲಿ ಹಾಲು. ಎದ್ದೇಳು. ಕ್ಯಾರಿಯರ್ ಮೇಲೆ ಕುಂತ್ಕ."

ಕುಂತೆ. ಅವರು ಹ್ಯಾಂಡಲ್ ಹಿಡಿದು, ನನ್ನನ್ನು ಕೂರಿಸಿಕೊಂಡು, ಸೈಕಲ್ ತಳ್ಳುತ್ತ ಊರಿನ ಕಡೆ ಹೊರಟರು. ತಲೆಯ ಮೇಲೆ ಸೆರಗಿಲ್ಲ. ಡೈರಿಗೆ ಹೊರಟಿದ್ದವರೆಲ್ಲ ಕ್ಯಾನು ಕೆಳಗಿಟ್ಟು ನಿಂತು ನೋಡಿದರು. ಅತ್ತೆಗೆ ಅದರ ಪರಿವೆಯಿಲ್ಲ. ಏರಿ ಇಳಿದು ಓಣಿ ಸೇರುವವರೆಗೂ ಬೈದರು. ಹೋಗೋ, ಬಾರೋ, ನಿಂಗೆ, ನಿನ್ನ. ಇಷ್ಟು ವರ್ಷ ಕೂಡಿಟ್ಟಿದ್ದ ಬೈಗುಳವನ್ನೆಲ್ಲ ಒಂದೇ ದಾರಿಯಲ್ಲಿ ಕೊಟ್ಟು ಮುಗಿಸಿದರು. ನನ್ನನ್ನು ಹಾಗೆ ಬೈಯುವವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ. ಎಷ್ಟು ತಡೆದರೂ ಕಣ್ಣಲ್ಲಿ ನೀರು ನಿಲ್ಲಲಿಲ್ಲ.

ಅತ್ತೆ ಸೈಕಲ್ ನಿಲ್ಲಿಸಿ ತಿರುಗಿ ನೋಡಿದರು.

"ಬಾಳ ನೋಯ್ತೈತೇನೋ ಮಗನೇ?"

"ಹೂಂ" ಅಂದೆ.